ಕಾಡತೂಸಿನ ತಳದ ಗುರುತು

ಬೆಳಗಿನ ಪಾಳಿಗೆ ಮಿಲ್ಲಿನ ಭೋಂಗಾ ಕೂಗಿ ಸ್ವಲ್ಪ ಹೊತ್ತಿಗೆ ನೀಲಪ್ಪ ಬಾಗಿಲಲ್ಲಿ ಬಂದು ಕೆಮ್ಮುತ್ತಿದ್ದ. ಹುಬ್ಬಳ್ಳಿಯ ಅರಳೆ ಮಿಲ್ಲಿನಲ್ಲಿ ಬಂದೂಕು ಹಿಡಿದು ರಾತ್ರಿ ಕಾಯುವ ಕೆಲಸ ಅವನದು. ಪೊಲೀಸರು ಅವನನ್ನು ಒಯ್ದ ಮೇಲೂ ಭೋಂಗಾ ಕೂಗಿದರೆ ಸಾಕು, ಉಣಕಲ್ಲಿನ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಕಸ್ತೂರೆವ್ವನ ಕೈ ನಿಲ್ಲುತ್ತಿತ್ತು. ಕಿವಿ ಬಾಗಿಲ ಕಡೆ ಹೋಗುತ್ತಿತ್ತು.

೧೯೬೭ರಲ್ಲಿ ಹತ್ತಿ ದಲಾಲ ಗುರುಸಿದ್ದಯ್ಯ ಕೆರೆ ಏರಿಯ ಮೇಲೆ ಗುಂಡು ತಗುಲಿ ಸತ್ತಿದ್ದರು. ಹಿಂದಿನ ದಿನವಷ್ಟೇ ಮಿಲ್ಲಿನ ಗೇಟಿನಲ್ಲಿ ಅವರಿಗೂ ನೀಲಪ್ಪನಿಗೂ ಮಾತಿಗೆ ಮಾತು ಬೆಳೆದಿತ್ತು. ಹೆಣದ ಹತ್ತಿರ ಸಿಕ್ಕ, ಗುಂಡು ಹಾರಿ ಉಳಿದ ಖಾಲಿ ಕಾಡತೂಸು ಅವನ ಬಂದೂಕಿನಲ್ಲಿ ಸರಿಯಾಗಿ ಕೂತಿತು. ಕಸ್ತೂರೆವ್ವ ಆಗ ಆರು ತಿಂಗಳ ಬಸುರಿ.

ಹೆತ್ತ ಮೇಲೂ ಅವಳು ಕೂಸನ್ನು ನೆರೆಮನೆಯಲ್ಲಿ ಬಿಟ್ಟು, ಶನಿವಾರ ತಪ್ಪದೆ ಧಾರವಾಡದ ಜೈಲಿಗೆ ಹೋಗುತ್ತಿದ್ದಳು.

“ಕೂಸಿನ ಕಿವಿ ಯಾರಂಗ ಅದಾವ?” ಸರಳಿನಾಚೆಯಿಂದ ನೀಲಪ್ಪ ಕೇಳುತ್ತಿದ್ದ.

“ನಿಮ್ಮಂಗ ರೀ. ಮುಂದಿನ ವಾರ ಕರಕೊಂಡು ಬರ್ತೇನಿ.”

“ಬ್ಯಾಡ. ಇಂಥಾ ಜಾಗಾದಾಗ ಆಕಿ ನನ್ನ ಮಾರಿ ನೋಡೂದು ಬ್ಯಾಡ.”

ಬಸ್ಸಿನಲ್ಲಿ ವಾಪಸು ಬರುವಾಗ ಎದೆಹಾಲು ಸೋರಿ ಕುಪ್ಪಸ ತೊಯ್ಯುತ್ತಿತ್ತು. ಪಕ್ಕದ ಖಾಲಿ ಸೀಟಿನ ಮೇಲೆ, ಗಂಡನಿಗೆ ಜಾಗ ಹಿಡಿದವಳಂತೆ, ಅವಳು ಕೈ ಇಟ್ಟುಕೊಂಡೇ ಕೂಡುತ್ತಿದ್ದಳು.

ಬಂದೂಕು, ಕಾಡತೂಸು ಎರಡನ್ನೂ ಅರಗಿನ ಮುದ್ರೆ ಹಾಕಿ ಪರೀಕ್ಷೆಗೆ ಕಳಿಸಿದ್ದರು. ಒಂದು ವರ್ಷದ ಮೇಲೆ ತಜ್ಞರು ಕೋರ್ಟಿಗೆ ಬಂದರು. ಅವರ ಕೈಯಲ್ಲಿ ಎರಡು ದೊಡ್ಡ ಫೋಟೋ ಇದ್ದವು.

“ಈ ಅಳತೆಯ ಕಾಡತೂಸು ಎಷ್ಟೋ ಬಂದೂಕಿಗೆ ಹಿಡಿಸುತ್ತದೆ,” ಎಂದರು. “ಆದರೆ ಕುದುರೆ ಎಳೆದಾಗ ಒಳಗಿನ ಮೊಳೆ ಕಾಡತೂಸಿನ ತಳಕ್ಕೆ ಬಡಿಯುತ್ತದೆ. ಆ ಮೊಳೆ ಅಲ್ಲಿ ಮೂಡಿಸುವ ಸಣ್ಣ ಗೀರುಗಳು ಒಂದು ಬಂದೂಕಿನವು ಇನ್ನೊಂದರಂತೆ ಇರುವುದಿಲ್ಲ. ನೀಲಪ್ಪನ ಬಂದೂಕಿನಿಂದ ನಾವೇ ಮೂರು ಸಲ ಹಾರಿಸಿ, ಸೂಕ್ಷ್ಮದರ್ಶಕದಲ್ಲಿ ಜೋಡಿಸಿ ನೋಡಿದೆವು. ಹೆಣದ ಬಳಿ ಸಿಕ್ಕಿದ್ದು ಈ ಬಂದೂಕಿನದಲ್ಲ.”

ಕಸ್ತೂರೆವ್ವನಿಗೆ ಗೀರು ಕಾಣಲಿಲ್ಲ. ಕಟಕಟೆಯಲ್ಲಿದ್ದ ಗಂಡ ಫೋಟೋದ ಕಡೆ ಕತ್ತು ಚಾಚಿದ್ದು ಕಂಡಿತು.

ಮುಂದೆ ದಲಾಲರ ಪಾಲುದಾರನ ಬಾವಿಯಲ್ಲಿ ಸಿಕ್ಕ ಬಂದೂಕಿಗೆ ಆ ಗುರುತು ಕೂಡಿತು. ಅಷ್ಟರಲ್ಲಿ ನೀಲಪ್ಪ ಬಿಡುಗಡೆಯಾಗಿದ್ದ. ಮಿಲ್ಲಿನವರು ಮತ್ತೆ ಕೆಲಸ ಕೊಡಲಿಲ್ಲ. ಅವನು ಕಟ್ಟಿಗೆ ಅಡ್ಡೆಯಲ್ಲಿ ದುಡಿಯತೊಡಗಿದ.

ಮಗಳು ಮಾತ್ರ ಅವನನ್ನು ಕಂಡರೆ ಚೀರಿ ಅಳುತ್ತಿದ್ದಳು. ಅವನು ಪಡಸಾಲೆಯ ಆ ತುದಿಗೆ ಕೂತು ಅವಳನ್ನೇ ನೋಡುತ್ತಿದ್ದ. ಹದಿನೈದನೆಯ ದಿನ ಕೂಸು ಅಂಬೆಗಾಲಿಟ್ಟು ಹೋಗಿ ಅವನ ಕಾಲಿನ ಹೆಬ್ಬೆರಳು ಹಿಡಿಯಿತು.

“ಎತ್ಕೋರೀ,” ಎಂದಳು ಕಸ್ತೂರೆವ್ವ.

“ತಡಿ, ತಾನಾಗೇ ಬರ್ಲಿ,” ಎಂದ ನೀಲಪ್ಪ. ಕಾಲು ಜೋಮು ಹಿಡಿದರೂ ಅಲುಗಾಡಲಿಲ್ಲ.