ಕೊರಳಿನ ಎರಡು ದಾರ

ವೈಶಾಲಿಯ ಕೊರಳಲ್ಲಿ ಒಂದು ಕಾಲಕ್ಕೆ ಎರಡು ದಾರಗಳಿದ್ದವು. ಒಂದು ಶಿವದಾರ. ಅದರ ತುದಿಗೆ ಬೆಳ್ಳಿಯ ಗುಂಡಗಡಿಗೆ, ಗುಂಡಗಡಿಗೆಯ ಒಳಗೆ ಅವಳು ಕೂಸಾಗಿದ್ದಾಗ ಅಯ್ಯನವರು ಕಟ್ಟಿದ ಇಷ್ಟಲಿಂಗ. ಇನ್ನೊಂದು ಆಫೀಸಿನ ಬ್ಯಾಡ್ಜಿನ ನೀಲಿ ದಾರ. ರೆಡ್ಮಂಡಿನ ಕಂಪನಿಯೊಂದರಲ್ಲಿ ಟೆಸ್ಟಿಂಗ್ ಕೆಲಸಕ್ಕೆ ಸೇರಿದ ಹೊಸದರಲ್ಲಿ ಇವೆರಡೂ ಒಂದಕ್ಕೊಂದು ಸುತ್ತಿಕೊಂಡು ಜೀವ ತಿನ್ನುತ್ತಿದ್ದವು. ಬ್ಯಾಡ್ಜು ತೋರಿಸದಿದ್ದರೆ ಆಫೀಸಿನ ಬಾಗಿಲು ತೆರೆಯುವುದಿಲ್ಲ. ಲಿಂಗ ತೋರಿಸು ಎಂದು ಅಮೆರಿಕದಲ್ಲಿ ಯಾರೂ ಕೇಳುವುದಿಲ್ಲ. ಹೀಗಾಗಿ ಒಂದು ದಿನ ಲಿಂಗವನ್ನು ಬಿಚ್ಚಿ, ಸ್ಟೀಲಿನ ಡಬ್ಬಿಯಲ್ಲಿ ಹಾಕಿ ದೇವರ ಮುಂದಿಟ್ಟಳು. ರಜೆಯ ದಿನ ಕಟ್ಟಿಕೊಂಡರಾಯಿತು ಎಂದುಕೊಂಡಿದ್ದಳು. ರಜೆಗಳು ಬಂದವು, ಹೋದವು. ಮಗಳು ಸ್ವಪ್ನಾ ಹುಟ್ಟಿ, ಶಾಲೆಗೆ ಹೋಗಿ, ಅವ್ವನ ಇಂಗ್ಲಿಷ್ ಉಚ್ಚಾರ ತಿದ್ದುವಷ್ಟು ದೊಡ್ಡವಳಾದಳು. ಡಬ್ಬಿಯ ಮುಚ್ಚಳ ಮಾತ್ರ ಏಳಲಿಲ್ಲ.

ಹಾಗೆಂದು ವೈಶಾಲಿ ದೇವರನ್ನು ಬಿಟ್ಟವಳಲ್ಲ. ಬೈಲಹೊಂಗಲದ ಹೆಣ್ಣು, ಸೋಮವಾರ ದೀಪ ಹಚ್ಚುವಳು, ಹಬ್ಬಕ್ಕೆ ಹೋಳಿಗೆ ಮಾಡುವಳು, ವಿಮಾನ ಏರುವಾಗ ಶಿವಾ ಅನ್ನುವಳು. ಬೆಳಗಿನ ಹೊತ್ತು ಅವಳಿಗೆ ಉಸಿರಾಡಲು ಪುರುಸೊತ್ತಿಲ್ಲ, ಅಷ್ಟೇ. ಗಂಡ ಪ್ರಭುದೇವ ಕೆಂಟ್‌ನಲ್ಲಿ ವಿಮಾನದ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ಟ್ರಾಫಿಕ್ಕಿಗೆ ಹೆದರಿ ಕೋಳಿ ಕೂಗುವ ಮೊದಲೇ ಮನೆ ಬಿಡುತ್ತಿದ್ದ. ಮಗಳ ಊಟದ ಡಬ್ಬಿ, ತನ್ನ ಊಟದ ಡಬ್ಬಿ, ಶಾಲೆಯ ಬಸ್ಸು ಎಲ್ಲ ಇವಳ ತಲೆಯ ಮೇಲೆ. ಈಸ್ಟ್‌ಗೇಟ್‌ನ ಆ ಮನೆಯಲ್ಲಿ ದೇವರಮನೆ ಎಂದು ಬೇರೆ ಇರಲಿಲ್ಲ. ಮುಂಬಾಗಿಲ ಪಕ್ಕದಲ್ಲಿ ಕೋಟು ತೂಗುಹಾಕುವ, ಒಬ್ಬರು ಕೂರುವಷ್ಟು ಜಾಗದ, ಬಾಗಿಲಿದ್ದ ಗೂಡೊಂದಿತ್ತು. ಅದರಲ್ಲಿ ದೇವರನ್ನು ಕೂರಿಸಿ, ಕೋಟುಗಳನ್ನು ಕುರ್ಚಿಗಳ ಮೇಲೆ ಎಸೆಯುತ್ತಿದ್ದರು.

ಆ ವರ್ಷ ಗುಳೇದಗುಡ್ಡದಿಂದ ಅತ್ತೆ ಪಾರ್ವತೆವ್ವ ಬಂದಿದ್ದರು. ಬಂದ ದಿನವೇ ಸೊಸೆಯ ಬರಿಗೊರಳನ್ನು ನೋಡಿದರು. ನೋಡಿದ್ದು ವೈಶಾಲಿಗೂ ಗೊತ್ತಾಯಿತು. ಈಗ ಬೈಗುಳ ಬಂತು, ನಾಳೆ ಬಂತು ಎಂದು ಕಾದದ್ದೇ ಬಂತು, ಅತ್ತೆ ತುಟಿ ಎರಡು ಮಾಡಲಿಲ್ಲ. ಬೈದಿದ್ದರೆ ತಿರುಗಿ ಒಂದು ಮಾತು ಆಡಿ ಹಗುರಾಗಬಹುದಿತ್ತು. ಅತ್ತೆ ಮಾತ್ರ ದಿನವೂ ಜಳಕ ಮಾಡಿ, ಗೂಡಿನೊಳಗೆ ಮಣೆ ಹಾಕಿಕೊಂಡು, ಬಾಗಿಲನ್ನು ಅರ್ಧ ಎಳೆದುಕೊಂಡು ಎಡಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕೂರುತ್ತಿದ್ದರು. ಊರಲ್ಲಿ ಇಷ್ಟು ಹೊತ್ತು ಕೂರುತ್ತಿರಲಿಲ್ಲವಲ್ಲ, ಇಲ್ಲಿ ಬಂದು ಪೂಜೆ ಯಾಕೆ ಉದ್ದವಾಯಿತು ಎಂದು ವೈಶಾಲಿಗೆ ಅನ್ನಿಸುತ್ತಿತ್ತು. ವಯಸ್ಸಾಯಿತು, ಬೇರೆ ಏನು ಕೆಲಸ ಎಂದು ತಾನೇ ಉತ್ತರ ಹೇಳಿಕೊಳ್ಳುತ್ತಿದ್ದಳು.

ಎರಡು ಸಾವಿರದ ಹತ್ತೊಂಬತ್ತರ ಫೆಬ್ರವರಿಯಲ್ಲಿ ಯಾರೂ ಎಣಿಸದ ಹಾಗೆ ಹಿಮ ಬಿತ್ತು. ಸಿಯಾಟಲ್ ಕಡೆಯ ಜನ ಮಳೆಗೆ ಕೊಡೆ ಹಿಡಿಯದ ಗಟ್ಟಿಗರು. ಹಿಮ ಅಂದರೆ ಮಾತ್ರ ಅವರ ಎದೆ ಝಲ್ಲೆನ್ನುತ್ತದೆ. ಅಂಗಡಿಯಲ್ಲಿ ಹಾಲಿಲ್ಲ, ಬ್ರೆಡ್ಡಿಲ್ಲ. ಶಾಲೆಗೆ ರಜೆ. ಏರು ರಸ್ತೆಗಳಲ್ಲಿ ಕಾರುಗಳನ್ನು ಕಂಡಕಂಡಲ್ಲಿ ಬಿಟ್ಟು ಜನ ನಡೆದು ಮನೆ ಸೇರಿದರು. ಪ್ರಭುದೇವನೂ ಹಾಗೇ ಒದ್ದೆ ಬೂಟಿನಲ್ಲಿ ಬಂದ. ಮನೆಮಂದಿಯೆಲ್ಲ ಹಗಲು ಹೊತ್ತು ಒಟ್ಟಿಗೆ ಇರುವುದು ಅಪರೂಪವಾಗಿದ್ದ ಮನೆಯಲ್ಲಿ ಚುನಮುರಿ ಒಗ್ಗರಣೆ, ಮಿರ್ಚಿ ಭಜಿ ಎಂದು ಹಬ್ಬವೇ ಆಯಿತು.

‘ಅತ್ತಿ, ಇಲ್ಲಿಗಂಟ ಬಂದು ಬರ್ಫ ಮುಟ್ಟದ ಹೋದ್ರ ಗುಳೇದಗುಡ್ಡದಾಗ ಏನ್ ಹೇಳ್ತೀರಿ? ನಡೀರಿ, ಹೊರಗ ಹೋಗೂಣು,’ ಎಂದು ಎಬ್ಬಿಸಿದವಳು ವೈಶಾಲಿಯೇ. ಅತ್ತೆಗೆ ಇಳಕಲ್ ಸೀರೆಯ ಒಳಗೆ ಪ್ರಭುದೇವನ ಪ್ಯಾಂಟು ಹಾಕಿಸಿದಳು. ಮೇಲೆ ತನ್ನ ಹಳೆಯ ದಪ್ಪ ಜಾಕೆಟ್ಟು ತೊಡಿಸಿ ಗದ್ದದವರೆಗೆ ಜಿಪ್ ಎಳೆದಳು.

‘ಗುಂಡಗಡಗಿ ಎದಿಗೆ ಒತ್ತತೈತಿ ತಂಗಿ,’ ಎಂದರು ಪಾರ್ವತೆವ್ವ.

‘ಅದನ್ನ ಹೊರಗ ತಗದು ಜಾಕೆಟ್ ಮ್ಯಾಲ ಬಿಡ್ರಲ್ಲ.’

ಅತ್ತೆ ಒಂದು ಗಳಿಗೆ ಹಿಂದೆಮುಂದೆ ನೋಡಿದರು. ಲಿಂಗ ಮೈಗೆ ಹತ್ತಿಕೊಂಡಿರಬೇಕು ಎಂದು ಕಲಿತ ಜೀವ. ಆದರೆ ಸೊಸೆ ಅಕ್ಕರೆಯಿಂದ ಕರೆದೊಯ್ಯುತ್ತಿದ್ದಾಳೆ. ಸಣ್ಣ ಮಾತಿಗೆ ತಕರಾರು ಯಾಕೆ ಎಂದು ಹೊರಗೆ ತೆಗೆದು ಬಿಟ್ಟರು.

ಮನೆಯ ಹಿಂದಿನ ಪಾರ್ಕಿನಲ್ಲಿ ಒಂದು ಗುಡ್ಡದ ಇಳಿಜಾರಿದೆ. ಓಣಿಯ ಮಕ್ಕಳೆಲ್ಲ ಅಲ್ಲಿ ಪ್ಲಾಸ್ಟಿಕ್ಕಿನ ಜಾರುಬಂಡಿ ಹಿಡಿದು ಕೂಗಾಡುತ್ತಿದ್ದರು. ಪಾರ್ವತೆವ್ವ ಮೊದಲು ನಿಂತು ನೋಡಿದರು. ಆಮೇಲೆ ಮೊಮ್ಮಗಳ ಹಿಂದೆ ಕೂತು ಒಮ್ಮೆ ಜಾರಿದರು. ಇಳಿದವರೇ ಸೀರೆ ಜಾಡಿಸಿಕೊಂಡು, ‘ಇನ್ನೊಮ್ಮೆ ಹೋಗೂಣ ನಡಿ,’ ಎಂದರು. ಹಾಗೆ ಎಷ್ಟು ಸಲವೋ. ಕೊನೆಗೊಮ್ಮೆ ಬಂಡಿ ಅಡ್ಡಬಿದ್ದು ಅಜ್ಜಿ, ಮೊಮ್ಮಗಳು ಉರುಳುರುಳಿ ಹೋದರು. ಓಡಿಹೋದ ವೈಶಾಲಿಗೆ ಕಂಡದ್ದು, ಅಂಗಾತ ಬಿದ್ದು ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದ ಅತ್ತೆ. ಮಾವ ಈರಬಸಪ್ಪ ತೀರಿಕೊಂಡ ಮೇಲೆ ಅತ್ತೆ ಹಾಗೆ ನಕ್ಕದ್ದನ್ನು ಅವಳು ನೋಡಿರಲಿಲ್ಲ. ತಾನೂ ಪಕ್ಕದಲ್ಲಿ ಬಿದ್ದು ನಕ್ಕಳು. ಅಂಥ ಸುಖ ಅವಳಿಗೂ ಬಹಳ ದಿನಗಳ ಮೇಲೆ ಸಿಕ್ಕಿತ್ತು.

ಮನೆಗೆ ಬಂದು ಜಾಕೆಟ್ಟು ಕಳಚುವಾಗ ಪಾರ್ವತೆವ್ವನ ಕೈ ಎದೆಯ ಮೇಲೆ ಹೋಗಿ ಅಲ್ಲೇ ನಿಂತಿತು. ಶಿವದಾರ ಇರಲಿಲ್ಲ. ಲಿಂಗವೂ ಇರಲಿಲ್ಲ.

ಎಲ್ಲರೂ ಗುಡ್ಡಕ್ಕೆ ಓಡಿದರು. ಕೈಯಲ್ಲಿ ಕೆದರಿದರು, ಸಲಿಕೆಯಲ್ಲಿ ಎತ್ತಿದರು. ವೈಶಾಲಿ ಅಡುಗೆಮನೆಯಿಂದ ಹಿಟ್ಟಿನ ಜರಡಿ ತಂದು ಹಿಮವನ್ನು ಸಾಣಿಸತೊಡಗಿದಳು. ಎರಡು ನಾಯಿಗಳನ್ನು ಹಿಡಿದು ಬಂದ ಬಿಳಿಯರ ಮುದುಕಿಯೊಬ್ಬಳು ಇದನ್ನು ನೋಡಿ, ಏನು ಕಳೆದಿದೆ ಎಂದು ಕೇಳಿದಳು. ಬೆಳ್ಳಿಯ ಡಬ್ಬಿ ಎಂದಳು ವೈಶಾಲಿ. ಡಬ್ಬಿಯಲ್ಲಿ ಏನಿತ್ತು? ನಮ್ಮ ಅತ್ತೆಯ ದೇವರು. ಮುದುಕಿ ನಗಲಿಲ್ಲ. ‘ದೇವರು ಹಿಮದಲ್ಲಿ ಕಳೆದುಹೋಯಿತೇ?’ ಎಂದು ಇಂಗ್ಲಿಷಿನಲ್ಲಿ ಕೇಳಿ, ತಾನೂ ಬಗ್ಗಿ ಸ್ವಲ್ಪ ಹೊತ್ತು ಹುಡುಕಿದಳು. ಕತ್ತಲಾಯಿತು. ಮತ್ತೆ ಹಿಮ ಬೀಳತೊಡಗಿ, ಹುಡುಕಿದ ಜಾಗ, ಹುಡುಕದ ಜಾಗ ಎಲ್ಲ ಒಂದೇ ಆಯಿತು.

ಪಾರ್ವತೆವ್ವ ನೀರು ಸಹ ಮುಟ್ಟಲಿಲ್ಲ. ಲಿಂಗಕ್ಕೆ ತೋರಿಸದೆ ಒಂದು ತುತ್ತನ್ನೂ ಬಾಯಿಗಿಟ್ಟವರಲ್ಲ. ಈಗ ತೋರಿಸುವುದು ಯಾವುದಕ್ಕೆ? ಸಕ್ಕರೆ ಕಾಯಿಲೆಯ ಗುಳಿಗೆ ಊಟದ ಜೊತೆಗೇ ತೆಗೆದುಕೊಳ್ಳಬೇಕು. ಊಟವಿಲ್ಲ, ಗುಳಿಗೆಯೂ ಇಲ್ಲ.

‘ನಂದು ತಗೋರಿ ಅತ್ತಿ. ಡಬ್ಬ್ಯಾಗ ಐತಿ,’ ಎಂದಳು ವೈಶಾಲಿ. ಹೇಳುವಾಗ ನಾಚಿಕೆಯಾಯಿತು.

‘ಅದು ನಿಂದು ತಂಗಿ. ಒಬ್ಬರ ಲಿಂಗ ಇನ್ನೊಬ್ಬರಿಗೆ ಬರೂದಿಲ್ಲ.’

ಪ್ರಭುದೇವ ಊರಿನ ಅಯ್ಯನವರಿಗೆ ಫೋನ್ ಮಾಡಿದ. ಹೊಸ ಲಿಂಗ ಕಟ್ಟಿಸಿಕೊಳ್ಳುವವರೆಗೆ ಹಾಲು ಹಣ್ಣು ನಡೆಯುತ್ತದೆ, ವಯಸ್ಸಾದವರು ಹಟ ಮಾಡಬಾರದು ಎಂದರು ಅವರು. ‘ಅವರು ಹೇಳ್ತಾರ. ಕಳದದ್ದು ಅವರದಲ್ಲ,’ ಎಂದು ಪಾರ್ವತೆವ್ವ ಗೋಡೆಯ ಕಡೆ ತಿರುಗಿ ಮಲಗಿದರು. ವಿಮಾನದ ತಿರುಪಿನಲ್ಲಿ ಕೂದಲೆಳೆಯ ವ್ಯತ್ಯಾಸ ಹಿಡಿಯುವ ಪ್ರಭುದೇವ ಅವ್ವನ ಗುಳಿಗೆಯ ಶೀಶೆ ಹಿಡಿದು ಮಂಚದ ಬಳಿ ನಿಂತಿದ್ದ. ಅವನು ಹೆಂಡತಿಗೆ ಒಂದು ಮಾತೂ ಅನ್ನಲಿಲ್ಲ. ಹೊರಗೆ ತಗೀರಿ ಅಂದವಳು ನಾನು ಎಂದು ವೈಶಾಲಿಯೇ ತನ್ನನ್ನು ಹಳಿದುಕೊಂಡಳು.

ಮರುದಿನ ಬೆಳಿಗ್ಗೆ ಪಾರ್ವತೆವ್ವ ಎಂದಿನಂತೆ ಜಳಕ ಮಾಡಿದರು. ಎಂದಿನಂತೆ ಗೂಡಿನೊಳಗೆ ಕೂತು ಬಾಗಿಲನ್ನು ಎಳೆದುಕೊಂಡರು. ವೈಶಾಲಿ ಚಹಾದ ಕಪ್ಪು ಹಿಡಿದು ಹೊರಗೆ ನಿಂತಳು. ಲಿಂಗವೇ ಇಲ್ಲ, ಯಾವುದರ ಪೂಜೆ? ಒಳಗೆ ಕೂತು ಅಳುತ್ತಿರಬೇಕು ಎಂದುಕೊಂಡಳು. ಚಹಾ ಆರಿತು. ಹೊರಗೆ ಬಂದಾಗ ಅತ್ತೆಯ ಕೈ ನಡುಗುತ್ತಿತ್ತು, ಹಣೆ ಬೆವೆತಿತ್ತು.

‘ಯವ್ವಾ, ನೀರ ಕುಡೀತಿಯೋ, ದವಾಖಾನಿಗೆ ಹೊತ್ಕೊಂಡು ಹೋಗ್ಲೋ?’ ಎಂದ ಪ್ರಭುದೇವ. ಆ ರಸ್ತೆಯಲ್ಲಿ ಹೊತ್ತುಕೊಂಡೇ ಹೋಗಬೇಕಿತ್ತು, ಕಾರು ಏರುವಂತಿರಲಿಲ್ಲ.

ಆಗ ಸ್ವಪ್ನಾ ಬೂಟು ಹಾಕಿಕೊಂಡು ಹೊರಗೆ ಹೋದಳು. ಗುಡ್ಡದಿಂದ ಒಂದು ಪಾತ್ರೆ ತುಂಬ ಹಿಮ ತಂದು ಅಜ್ಜಿಯ ಮುಂದಿಟ್ಟಳು. ಹುಡುಗಿಗೆ ಕನ್ನಡ ತಿಳಿಯುತ್ತದೆ, ನಾಲಿಗೆಗೆ ಬರುವುದಿಲ್ಲ. ಇಂಗ್ಲಿಷಿನಲ್ಲೇ ಹೇಳಿದಳು: ಅಜ್ಜಿಯ ದೇವರು ಇದರೊಳಗೇ ಇದೆ, ಎಲ್ಲಿ ಅಂತ ಗೊತ್ತಿಲ್ಲ ಅಷ್ಟೇ; ಹಾಗಾದರೆ ಇದಕ್ಕೇ ಪೂಜೆ ಮಾಡಬಹುದಲ್ಲ? ವೈಶಾಲಿ ಅತ್ತೆಗೆ ಅದನ್ನು ಕನ್ನಡದಲ್ಲಿ ಹೇಳಿದಳು. ಹೇಳುತ್ತಾ, ಇದನ್ನು ಒಪ್ಪಲಿ ಶಿವನೇ ಎಂದು ಒಳಗೊಳಗೇ ಬೇಡಿಕೊಂಡಳು.

ಪಾರ್ವತೆವ್ವ ಪಾತ್ರೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಒಂದು ಹಿಡಿ ತೆಗೆದು ಒತ್ತಿ ಒತ್ತಿ ದುಂಡಗೆ ಮಾಡಿದರು. ಎಡ ಅಂಗೈಯಲ್ಲಿಟ್ಟು ವಿಭೂತಿ ಹಚ್ಚಿದರು, ಊರಿನಿಂದ ತಂದ ಒಣಪತ್ರಿ ಏರಿಸಿದರು. ಕೈ ಸೆಟೆದು ಕೆಂಪಾದರೂ ಕಣ್ಣು ತೆರೆಯಲಿಲ್ಲ. ಕರಗಿದ ನೀರು ಅಂಗೈಯಲ್ಲಿ ನಿಂತಾಗ ಅದನ್ನೇ ಲಿಂಗದ ಕರುಣೆ, ತೀರ್ಥ ಎಂದು ಕುಡಿದರು.

‘ಈಗ ರೊಟ್ಟಿ ಕೊಡು ತಂಗಿ,’ ಎಂದರು.

ವೈಶಾಲಿ ರೊಟ್ಟಿ ತರಲು ಹೋದವಳು ಒಲೆಯ ಮುಂದೆ ನಿಂತು ಅತ್ತಳು. ಅತ್ತು, ಮೂಗು ಒರೆಸಿಕೊಂಡು, ರೊಟ್ಟಿಯ ಮೇಲೆ ಬೆಣ್ಣೆ ಸವರಿ ತಂದಳು.

ಹಿಮ ಇದ್ದಷ್ಟು ದಿನ ಹೀಗೆಯೇ ನಡೆಯಿತು. ಆಮೇಲೆ ಎಂದಿನ ಮಳೆ ಬಂತು, ಬೀದಿಯ ಹಿಮ ಕೆಸರಾಯಿತು. ಸ್ವಪ್ನಾ ಮುಂದಾಲೋಚನೆಯ ಹುಡುಗಿ. ಒಂದು ಡಬ್ಬಿ ಹಿಮವನ್ನು ಫ್ರೀಜರಿನಲ್ಲಿ ಬಟಾಣಿಯ ಪಕ್ಕ ಇಟ್ಟಿದ್ದಳು. ಅದೂ ತಳ ಕಾಣತೊಡಗಿದಾಗ ವೈಶಾಲಿಗೆ ಮತ್ತೆ ದಿಗಿಲು ಹತ್ತಿತು. ಬೆಳಕು ಹರಿದರೆ ಸಾಕು, ಗುಡ್ಡಕ್ಕೆ ಹೋಗಿ ಹುಲ್ಲು ತಡಕುವಳು.

ಅಂಥ ಒಂದು ಬೆಳಿಗ್ಗೆ ಅವಳ ಕಣ್ಣು ಪಾರ್ಕಿನ ಬೇಲಿಯ ಕಡೆ ಹೋಯಿತು. ಈ ಊರಿನವರಿಗೆ ಒಂದು ಒಳ್ಳೆಯ ಅಭ್ಯಾಸ. ಬಿದ್ದ ಕೈಗವಸು ಸಿಕ್ಕರೆ ಕಣ್ಣಿಗೆ ಬೀಳುವ ಕಡೆ ತೂಗುಹಾಕಿ ಹೋಗುತ್ತಾರೆ. ಹಿಮ ಕರಗಿ ಸಿಕ್ಕಿದ್ದೆಲ್ಲ ಬೇಲಿಯಲ್ಲಿತ್ತು: ಒಂಟಿ ಕೈಗವಸುಗಳು, ಉಣ್ಣೆಯ ಟೋಪಿ, ಮಗುವಿನ ಕಾಲುಚೀಲ. ಅವುಗಳ ನಡುವೆ, ಹರಿದ ತುದಿಗಳನ್ನು ಗಂಟು ಹಾಕಿದ ಶಿವದಾರದಲ್ಲಿ, ಪಾರ್ವತೆವ್ವನ ಗುಂಡಗಡಿಗೆ. ನಾಯಿಗಳ ಮುದುಕಿಯದೇ ಕೆಲಸವಿರಬೇಕು. ವೈಶಾಲಿ ಅದನ್ನು ಎರಡೂ ಕೈಯಲ್ಲಿ ಹಿಡಿದು, ಕೆಸರನ್ನೂ ಲೆಕ್ಕಿಸದೆ ಓಡಿದಳು.

ಅತ್ತೆ ಅದನ್ನು ಕಣ್ಣಿಗೆ ಒತ್ತಿಕೊಂಡರು. ಆ ದಿನ ಎರಡು ರೊಟ್ಟಿ ಹೆಚ್ಚು ತಿಂದರು.

ಮಾರನೆಯ ದಿನ ಆಫೀಸು. ವೈಶಾಲಿ ಬೇಗ ಎದ್ದು, ಜಳಕ ಮಾಡಿ, ಅತ್ತೆಗಿಂತ ಮುಂಚೆ ಗೂಡಿನ ಮುಂದೆ ಕೂತಳು. ಸ್ಟೀಲಿನ ಡಬ್ಬಿಯನ್ನು ಕೈಗೆತ್ತಿಕೊಂಡಳು. ಇಷ್ಟು ವರ್ಷ ಮುಟ್ಟದ ವಸ್ತು. ದೂಳು ಹಿಡಿದು, ದಾರ ಲಡ್ಡಾಗಿರುತ್ತದೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡು ಮುಚ್ಚಳ ತೆಗೆದಳು.

ಒಳಗೆ ಒಗೆದ ಬಿಳಿ ಬಟ್ಟೆ. ಹೊಸ ದಾರ. ಗುಂಡಗಡಿಗೆ ತೊಳೆದಿಟ್ಟಂತೆ ಬೆಳ್ಳಗಿತ್ತು. ತೆರೆದು ನೋಡಿದರೆ ಲಿಂಗದ ಮೇಲೆ ನಿನ್ನೆಯ ವಿಭೂತಿ.

ಹಿಂದೆ ಪಾರ್ವತೆವ್ವ ನಿಂತಿದ್ದರು.

‘ಇದು... ನೀವು ಮಾಡ್ತಿದ್ರೇನ ಅತ್ತಿ?’

‘ಬಂದ ಮರುದಿವಸನ ತಗದು ನೋಡಿದೆ. ಒಣಗಿ ಹೋಗಿತ್ತು. ನಂದು ಮುಗಿಸಿ, ನಿನ್ನ ಹೆಸರಲೆ ಅದಕ್ಕೂ ಮಾಡ್ತಿದ್ದೆ.’

‘ನಂಗ ಒಂದ್ ಮಾತು ಅನಬಾರದಾಗಿತ್ತೇನ್ರಿ?’

‘ಅಂದ್ರ ನನಗ ಅಂಜಿ ಕಟ್ಕೋತಿದ್ದಿ. ಅಂಜಿ ಕಟ್ಕೊಳ್ಳೂ ವಸ್ತು ಅಲ್ಲ ಅದು.’

ಆರಿದ ಚಹಾದ ಆ ಬೆಳಿಗ್ಗೆ ವೈಶಾಲಿಗೆ ನೆನಪಾಯಿತು. ‘ಮತ್ತ ನಿಮ್ಮದು ಕಳದ ಮರುದಿವಸ? ಬಾಗಿಲ ಹಾಕ್ಕೊಂಡು ಅಷ್ಟೊತ್ತು ಕುಂತಿದ್ರಿ. ಹನಿ ನೀರು ಕುಡದಿರಲಿಲ್ಲ, ಕೈ ನಡಗತಿತ್ತು...’

‘ನಂದು ಕಳದಿತ್ತು. ನಿಂದು ಮನ್ಯಾಗ ಇತ್ತಲ್ಲ,’ ಎಂದರು ಪಾರ್ವತೆವ್ವ. ‘ಅದನ್ಯಾಕ ಉಪವಾಸ ಕೆಡವ್ಲಿ?’

ವೈಶಾಲಿ ಗುಂಡಗಡಿಗೆಯನ್ನು ಅತ್ತೆಯ ಕೈಗಿಟ್ಟಳು. ಕೊರಳು ಬಾಗಿಸಿದಳು. ಅತ್ತೆ ಹೊಸ ದಾರವನ್ನು ಎರಡು ಗಂಟು ಹಾಕಿ ಕಟ್ಟಿದರು, ಎಳೆದು ನೋಡಿದರು. ಆಮೇಲೆ ಕುರ್ಚಿಯ ಮೇಲಿದ್ದ ಬ್ಯಾಡ್ಜನ್ನೂ ತಾವೇ ಎತ್ತಿ ಅವಳ ಕೊರಳಿಗೆ ಹಾಕಿ, ‘ನಡಿ, ಹೊತ್ತಾತು,’ ಎಂದರು.

ಆಫೀಸಿನ ಬಾಗಿಲಲ್ಲಿ ಎರಡು ದಾರಗಳೂ ಒಂದಕ್ಕೊಂದು ಸುತ್ತಿಕೊಂಡವು. ಹಿಂದೆ ಜನ ಕಾಯುತ್ತಿದ್ದರು. ವೈಶಾಲಿ ಬದಿಗೆ ಸರಿದು ನಿಂತು, ಅವಸರ ಮಾಡದೆ ಅವನ್ನು ಬಿಡಿಸಿಕೊಂಡು ಒಳಗೆ ಹೋದಳು.