ಹೆಸರು ಬಿಟ್ಟು ಸ್ಕೋರು ಓದಿದ ವರ್ಷ

ಕುವೈತಿನ ರೇಡಿಯೋದಲ್ಲಿ ವಾರಕ್ಕೆ ನಾಲ್ಕು ನಿಮಿಷ ನನ್ನ ಧ್ವನಿ ಕೇಳುತ್ತಿತ್ತು. ಗುರುವಾರ ಸಂಜೆ, ಇಂಗ್ಲಿಷ್ ವಿಭಾಗದ ಕ್ರೀಡಾ ಕಾರ್ಯಕ್ರಮದ ಕೊನೆಯಲ್ಲಿ, ಫುಟ್‌ಬಾಲ್ ಸುದ್ದಿಯೆಲ್ಲ ಮುಗಿದ ಮೇಲೆ ಕಾಲೇಜು ಹುಡುಗರ ಬಾಸ್ಕೆಟ್‌ಬಾಲ್. ಯಾರು ಯಾರ ಮೇಲೆ ಗೆದ್ದರು, ಯಾವ ಹುಡುಗ ಎಷ್ಟು ಬಾಸ್ಕೆಟ್ ಹಾಕಿದ, ಮುಂದಿನ ವಾರ ಯಾರ ಆಟ. ಮೈಸೂರಿನಲ್ಲಿ ಓದುವಾಗ ನಾನು ವಿಶ್ವವಿದ್ಯಾಲಯದ ತಂಡಕ್ಕೆ ಆಡಿದವಳು. ಮದುವೆಯಾಗಿ ಫಾಹಾಹೀಲ್‌ನ ಎರಡು ಕೋಣೆಯ ಫ್ಲ್ಯಾಟಿಗೆ ಬಂದ ಮೇಲೆ ನನ್ನ ಬಾಸ್ಕೆಟ್‌ಬಾಲ್ ಟ್ರಂಕಿನ ತಳದಲ್ಲಿದ್ದ ಒಂದು ಫೋಟೊ ಮಾತ್ರ ಆಗಿತ್ತು. ಆ ಆಟ ಗೊತ್ತಿರುವ, ಇಂಗ್ಲಿಷ್ ಚೆನ್ನಾಗಿ ಓದುವ ಹೆಂಗಸು ಬೇಕಂತೆ ಎಂದು ಪಕ್ಕದ ಮನೆಯವರು ಹೇಳಿದಾಗ, ಸುಮ್ಮನೆ ನೋಡೋಣ ಎಂದು ಹೋಗಿದ್ದೆ. ಧ್ವನಿ ಪರೀಕ್ಷೆ ಮಾಡಿದರು, ತೆಗೆದುಕೊಂಡರು.

ನನ್ನ ಗಂಡ ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ಎಂಜಿನಿಯರ್. ಗುರುವಾರ ಮಧ್ಯಾಹ್ನ ಅವರಿಗೆ ರಜೆ. ನನ್ನನ್ನೂ ಮಗಳನ್ನೂ ಕಾರಿನಲ್ಲಿ ಶುವೈಖ್‌ಗೆ ಕರೆದುಕೊಂಡು ಹೋಗುತ್ತಿದ್ದರು. ಅಲ್ಲಿನ ಕಾಲೇಜಿನ ಹಾಲಿನಲ್ಲಿ ಆಟ ನೋಡಿ, ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡು, ಅಲ್ಲಿಂದ ನೇರ ಸ್ಟುಡಿಯೋಗೆ.

ಮೊದಲ ಎರಡು ವರ್ಷ ಆ ಹಾಲಿನಲ್ಲಿ ಕೂರಲು ಜಾಗ ಹುಡುಕಬೇಕಾಗುತ್ತಿತ್ತು. ಹುಡುಗರಲ್ಲಿ ಹೆಚ್ಚಿನವರು ಪ್ಯಾಲೆಸ್ತೀನಿನ ಮನೆತನದವರು, ಹುಟ್ಟಿದ್ದು ಮಾತ್ರ ಕುವೈತಿನಲ್ಲೇ. ಅವರ ಅಪ್ಪಂದಿರು, ಅಣ್ಣ ತಮ್ಮಂದಿರು, ನೆರೆಹೊರೆಯವರು ಗುಂಪಾಗಿ ಬರುತ್ತಿದ್ದರು. ಇವರ ನಡುವೆ ಒಂದು ಗುರುವಾರ, ಮೇಲಿನ ಸಾಲಿನಲ್ಲಿ ಕೂತಿದ್ದ ಒಬ್ಬರು ತುಳುವಿನಲ್ಲಿ ತಮ್ಮಷ್ಟಕ್ಕೆ ಏನೋ ಗೊಣಗಿದ್ದು ಕೇಳಿಸಿತು. ಮಾತಾಡಿಸಿದೆ. ಉಡುಪಿ ಕಡೆಯವರು. ಶುವೈಖ್ ಇಂಡಸ್ಟ್ರಿಯಲ್ ಏರಿಯಾದಲ್ಲಿ ಗ್ಯಾರೇಜಿನವರಿಗಾಗಿ ನಡೆಯುವ ಒಂದು ಮೆಸ್ಸಿನಲ್ಲಿ ಅಡುಗೆಯವರು. ನಲವತ್ತು ದಾಟಿದ ವಯಸ್ಸು, ಮುಂಗೈ ತುಂಬ ಎಣ್ಣೆ ಸಿಡಿದ ಕಲೆ. ಮೊದಲ ಸಲ ಬಂದದ್ದು ಆಟಕ್ಕಲ್ಲ, ಎ.ಸಿ. ಇದೆ, ಒಳಗೆ ಬಿಡಲು ಟಿಕೆಟು ಕೇಳುವುದಿಲ್ಲ ಎಂದು. ಆಮೇಲೆ ಒಂದು ವಾರವೂ ತಪ್ಪಿಸಿದವರಲ್ಲ. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ, ನನಗಿಂತ ದೊಡ್ಡವರಾದರೂ ಅವರು ನನ್ನನ್ನು ಅಕ್ಕ ಎನ್ನುತ್ತಿದ್ದರು. ನನ್ನ ನಾಲ್ಕು ನಿಮಿಷವನ್ನು ಅವರು ಮೆಸ್ಸಿನ ರೇಡಿಯೋದಲ್ಲಿ ಕೇಳಿ, ಹೆಸರು ಬಂದಾಗಲೆಲ್ಲ ತಾವು ನೋಡಿದ ಆಟವನ್ನು ಊಟಕ್ಕೆ ಬಂದ ಮೆಕ್ಯಾನಿಕ್‌ಗಳಿಗೆ ಹಿಂದಿಯಲ್ಲಿ ಬಡಿಸುತ್ತಿದ್ದರಂತೆ.

ಅವರ ಮೆಚ್ಚಿನ ಆಟಗಾರ ವಿಜ್ಞಾನ ಕಾಲೇಜಿನ ತಂಡದ ನಾಯಕ. ತೆಳ್ಳಗೆ, ಉದ್ದಕ್ಕೆ, ಯಾವ ಗಡಿಬಿಡಿಯಲ್ಲೂ ಕೈ ನಡುಗದ ಹುಡುಗ. ಅವನ ತಂದೆ ಒಂದು ಶಾಲೆಯಲ್ಲಿ ಗಣಿತದ ಮೇಷ್ಟ್ರು. ಇಸ್ತ್ರಿ ಮಾಡಿದ ಕೋಟು ಹಾಕಿ ಮೊದಲ ಸಾಲಿನಲ್ಲಿ ಕೂತು, ಮಗ ಬಾಸ್ಕೆಟ್ ಹಾಕಿದಾಗ ಚಪ್ಪಾಳೆ ತಟ್ಟದೆ ಕನ್ನಡಕ ಒರೆಸಿಕೊಳ್ಳುವ ಮನುಷ್ಯ. ಇವರ ಯಾರ ಹೆಸರನ್ನೂ ನಾನು ಇಲ್ಲಿ ಬರೆಯುತ್ತಿಲ್ಲ. ಆ ಹುಡುಗರೆಲ್ಲ ಈಗ ಯಾವ ದೇಶದಲ್ಲಿ, ಯಾವ ಕಾಗದದ ಬಲದ ಮೇಲೆ ಇದ್ದಾರೋ ನನಗೆ ತಿಳಿಯದು.

ತೊಂಬತ್ತನೆಯ ಇಸವಿಯ ಜನವರಿಯಲ್ಲಿ ನಮ್ಮ ನಿರ್ಮಾಪಕರು ನನ್ನನ್ನು ಕರೆದು, ಇನ್ನು ಮೇಲೆ ನಾಲ್ಕು ನಿಮಿಷ ಕೊಡಲಾಗದು ಎಂದರು. ಬೇಸಿಗೆಗೆ ಫುಟ್‌ಬಾಲ್ ವಿಶ್ವಕಪ್ ಇತ್ತು, ಈಗಿನಿಂದಲೇ ಅದಕ್ಕೆ ಸಮಯ ಬೇಕಿತ್ತು. ಅವರು ಕೆಟ್ಟವರಲ್ಲ, ಕೆಳಗೆ ನೋಡುತ್ತಲೇ ಹೇಳಿದರು. ಒಂದು ನಿಮಿಷ ಉಳಿಸಿದ್ದೇನೆ, ಸ್ಕೋರು ಓದುವುದೋ ಹುಡುಗರ ಹೆಸರು ಓದುವುದೋ ನೀನೇ ನೋಡಿಕೋ ಎಂದರು.

ನಾನು ಸ್ಕೋರು ಆರಿಸಿಕೊಂಡೆ. ಸುದ್ದಿ ಎಂದರೆ ಸ್ಕೋರೇ ಅಲ್ಲವೇ ಎಂದುಕೊಂಡೆ. ಹೆಚ್ಚು ಯೋಚಿಸಲಿಲ್ಲ. ಅಂದು ಸಂಜೆ ಮಗಳಿಗೆ ಜ್ವರವಿತ್ತು, ಬೇಗ ಮನೆ ಸೇರಬೇಕಿತ್ತು.

ಮುಂದಿನ ಗುರುವಾರ ಅಣ್ಣ ಹಾಲಿನ ಬಾಗಿಲಲ್ಲೇ ಕಾದಿದ್ದರು.

"ಅಕ್ಕ, ಹುಡುಗರ ಹೆಸರು ಎಂತಕ್ಕೆ ಬಿಟ್ಟದ್ದು?"

"ಒಂದೇ ನಿಮಿಷ ಕೊಟ್ಟಿದಾರೆ ಅಣ್ಣ. ಏನ್ ಮಾಡ್ಲಿ?"

"ನನಗೆ ಇಂಗ್ಲಿಷ್ ಬರುದಿಲ್ಲ. ಹೆಸರು ಬಂದ್ರೆ ಮಾತ್ರ ನನಗೆ ಗೊತ್ತಾಗುದು. ಆ ಹುಡುಗರ ಅಪ್ಪಂದಿರಿಗೂ ಹಾಗೇ ಅಲ್ವಾ? ನಂಬರು ಕೇಳ್ಲಿಕ್ಕೆ ಯಾರು ರೇಡಿಯೋ ಹಾಕ್ತಾರೆ?"

ಅವರು ಹೇಳಿದ್ದು ಎಷ್ಟು ನಿಜ ಎಂದು ಒಂದೆರಡು ತಿಂಗಳಲ್ಲಿ ಕಣ್ಣಿಗೆ ಕಂಡಿತು. ಮೊದಲು ನೆರೆಹೊರೆಯವರು ಬಿಟ್ಟರು. ಆಮೇಲೆ ಅಣ್ಣ ತಮ್ಮಂದಿರು. ಅಮೆರಿಕದ ದೊಡ್ಡ ಆಟಗಾರರ ವೀಡಿಯೋ ಕ್ಯಾಸೆಟ್ಟು ಆಗ ಅಂಗಡಿಗಳಲ್ಲಿ ಬಾಡಿಗೆಗೆ ಸಿಗುತ್ತಿತ್ತು. ಅದನ್ನು ಮನೆಯಲ್ಲಿ ಕೂತು ನೋಡಿದ ಹುಡುಗರಿಗೆ ನಮ್ಮ ಹಾಲಿನ ಆಟ ಸಪ್ಪೆ ಎನಿಸಿರಬಹುದು. ಆದರೆ ಅಪ್ಪಂದಿರು ಬಿಟ್ಟದ್ದಕ್ಕೆ ಕ್ಯಾಸೆಟ್ಟು ಕಾರಣವಲ್ಲ. ಶುಕ್ರವಾರ ನಮಾಜಿಗೆ ಹೋದಾಗ, ನಿನ್ನೆ ನಿಮ್ಮ ಮಗನ ಹೆಸರು ರೇಡಿಯೋದಲ್ಲಿ ಬಂತು ಎಂದು ಯಾರಾದರೂ ಹೇಳುತ್ತಿದ್ದರು. ಈಗ ಹೇಳುವವರಿಲ್ಲ. ಹೆಸರನ್ನು ತೆಗೆದು ಪಕ್ಕಕ್ಕೆ ಇಟ್ಟವಳು ನಾನು.

ರಂಜಾನ್ ಶುರುವಾಗುವ ಮುಂಚಿನ ಗುರುವಾರ ಆ ಸಾಲಿನ ಕೊನೆಯ ಪಂದ್ಯ. ಆ ದಿನ ನನ್ನ ಒಂದು ನಿಮಿಷವೂ ಇಲ್ಲ ಎಂದು ಬೆಳಿಗ್ಗೆಯೇ ಫೋನು ಬಂದಿತ್ತು. ಆದರೂ ಹೋದೆವು. ಗಂಡ ಹೊರಗೆ ಕಾರಿನಲ್ಲೇ ಪತ್ರಿಕೆ ಹಿಡಿದು ಕೂತರು. ಒಳಗೆ ಎರಡು ತಂಡ, ರೆಫರಿಗಳು, ಹಾಲು ಕಾಯುವವನು. ನೋಡುವವರು ನಾನು, ನನ್ನ ಮಗಳು, ಅಡುಗೆಯ ಅಣ್ಣ, ಮೊದಲ ಸಾಲಿನಲ್ಲಿ ಮೇಷ್ಟ್ರು. ಬಾಲು ನೆಲಕ್ಕೆ ಬಿದ್ದ ಸದ್ದು ಗೋಡೆಗೆ ಬಡಿದು ಎರಡೆರಡು ಸಲ ಕೇಳುತ್ತಿತ್ತು.

ಅಣ್ಣ ನನ್ನ ಪಕ್ಕಕ್ಕೆ ಬಂದು ಕೂತು, "ಅಕ್ಕ, ರೇಡಿಯೋ ಇಲ್ಲದಿದ್ರೆ ಬೇಡ. ನನಗೆ ಹೇಳಿ. ಕನ್ನಡದಲ್ಲಿ ಹೇಳಿ, ಪೂರ್ತಿ ಹೇಳಿ" ಎಂದರು.

ಮೊದಲು ನಾಚಿಕೆಯಾಯಿತು. ಮಗಳು ನನ್ನ ಮುಖ ನೋಡಿ, "ಡೂ ಇಟ್, ಅಮ್ಮ" ಎಂದಳು. ಮೆಲ್ಲಗೆ ಶುರು ಮಾಡಿದೆ. ನಾಯಕನ ಕೈಗೆ ಬಾಲು ಬಂತು, ಇಬ್ಬರು ಅಡ್ಡ ಬಂದರು, ಎಡಕ್ಕೆ ತಿರುಗಿದ, ಕೆಳಗಿಂದ ಪಾಸು ಕೊಟ್ಟ, ವಾಪಸು ಇಸಿದುಕೊಂಡ, ನೆಗೆದ, ಎಸೆದ, ರಿಂಗಿನ ಸುತ್ತ ಒಂದು ಸುತ್ತು ಬಂದು ಒಳಗೆ ಬಿತ್ತು. ಪ್ರತಿ ಸಲವೂ ಹುಡುಗನ ಹೆಸರು ಹೇಳಿದೆ, ಅಪ್ಪನ ಹೆಸರು ಸೇರಿಸಿ ಹೇಳಿದೆ. ಮೈಸೂರು ಬಿಟ್ಟ ಮೇಲೆ ಆ ಆಟದ ಬಗ್ಗೆ ಕನ್ನಡದಲ್ಲಿ ಅಷ್ಟು ಮಾತಾಡಿದ್ದು ಅದೇ ಮೊದಲು. ಸ್ವಲ್ಪ ಹೊತ್ತಿಗೆ ನನ್ನ ಧ್ವನಿ ದೊಡ್ಡದಾಗಿತ್ತು, ಖಾಲಿ ಹಾಲಿನಲ್ಲಿ ಎಲ್ಲರಿಗೂ ಕೇಳುತ್ತಿತ್ತು. ಮೇಷ್ಟ್ರು ಒಮ್ಮೆ ಹಿಂತಿರುಗಿ ನೋಡಿದರು. ಅವರಿಗೆ ಒಂದಕ್ಷರ ಅರ್ಥವಾಗದ ಭಾಷೆ. ಆದರೆ ಅದರ ನಡುವೆ ಮಗನ ಹೆಸರು ಬಂದಾಗಲೆಲ್ಲ ಅವರ ತಲೆ ಸಣ್ಣಗೆ ಆಡುತ್ತಿತ್ತು. ಆಟ ಮುಗಿದ ಮೇಲೆ ಎದೆಯ ಮೇಲೆ ಕೈಯಿಟ್ಟು ನನಗೆ ವಂದಿಸಿ ಹೋದರು. ಅವರನ್ನು ನಾನು ನೋಡಿದ್ದು ಅದೇ ಕೊನೆ.

ಆಗಸ್ಟಿನಲ್ಲಿ ಇರಾಕಿನ ಸೈನ್ಯ ಬಂತು. ಬೆಳಿಗ್ಗೆ ಚಹಾಕ್ಕೆ ನೀರಿಟ್ಟಾಗ ರೇಡಿಯೋದಲ್ಲಿ ನಮ್ಮವರ ಧ್ವನಿ ಇತ್ತು, ಆಮೇಲೆ ಇರಲಿಲ್ಲ. ಫಾಹಾಹೀಲ್‌ನ ಅಂಗಡಿಗಳು ಒಂದೊಂದೇ ಖಾಲಿಯಾದವು. ಗಂಡ ರಿಫೈನರಿಗೆ ಹೋಗುವುದು ನಿಂತಿತು. ಮೂರನೆಯ ವಾರದಲ್ಲಿ ಯಾರೋ ಬಾಗಿಲು ತಟ್ಟಿದರು, ತೆರೆಯಲು ಹೆದರಿ ಕಿಂಡಿಯಲ್ಲಿ ನೋಡಿದೆ. ತಂಡದ ನಾಯಕ. ಕೈಯಲ್ಲಿ ಒಂದು ಚೀಲ ಖುಬ್ಬೂಸ್ ರೊಟ್ಟಿ, ಒಂದು ಕ್ಯಾನ್ ನೀರು. ಅಡುಗೆಯ ಅಣ್ಣ ಕಳಿಸಿದ್ದು. ಅವರ ಮೆಸ್ಸು ಮುಚ್ಚಿ, ವೀಸಾ ಕೊಟ್ಟು ಕೆಲಸಕ್ಕೆ ಕರೆಸಿಕೊಂಡಿದ್ದ ಕಫೀಲ್ ದೇಶ ಬಿಟ್ಟು ಹೋಗಿ, ಅವರು ಈಗ ಒಂದು ರೊಟ್ಟಿ ಬೇಕರಿಯಲ್ಲಿ ಒಲೆ ನೋಡಿಕೊಳ್ಳುತ್ತಿದ್ದರು. ತಂಡದ ಹುಡುಗರು ಆ ರೊಟ್ಟಿಯನ್ನು ಕಾರುಗಳಲ್ಲಿ ಮನೆಮನೆಗೆ ಮುಟ್ಟಿಸುತ್ತಿದ್ದರು.

ಹುಡುಗ ಒಳಗೆ ಬಂದು ಕೂತ, ಚಹಾ ಕುಡಿದ. ನಾನು, ಹೆಸರು ಓದುವುದನ್ನು ಬಿಡಬಾರದಿತ್ತು, ತಪ್ಪಾಯಿತು ಎಂದೆ. ಅವನು ನಕ್ಕ. ತನ್ನ ತಂದೆ ಪ್ರತಿ ಗುರುವಾರ ನನ್ನ ನಾಲ್ಕು ನಿಮಿಷವನ್ನು ಟೇಪು ಮಾಡಿ, ಮೇಲೆ ತಾರೀಖು ಬರೆದು ಇಟ್ಟಿದ್ದಾರೆ ಎಂದ. ಜನವರಿಯಿಂದ ಈಚೆಗೆ ಮಾಡಿಲ್ಲ. ಅದನ್ನು ಅವನು ದೂರಾಗಿ ಹೇಳಲಿಲ್ಲ. ಎದ್ದು ಹೋಗುವಾಗ, ಸೀಸನ್ ಶುರುವಾಗುವಷ್ಟರಲ್ಲಿ ಎಲ್ಲ ಸರಿಹೋಗುತ್ತದೆ ಎಂದು ನನಗೇ ಧೈರ್ಯ ಹೇಳಿದ.

ಸೆಪ್ಟೆಂಬರಿನಲ್ಲಿ ನಾವು ಬಸ್ಸು ಹತ್ತಿದೆವು. ಬಸ್ರಾ, ಬಾಗ್ದಾದ್, ಅಲ್ಲಿಂದ ಅಮ್ಮಾನ್, ಡೇರೆಯಲ್ಲಿ ಕೆಲವು ದಿನ, ಆಮೇಲೆ ಬೊಂಬಾಯಿಯ ವಿಮಾನ. ಹೊರಡುವ ಮೊದಲು ಅಣ್ಣನನ್ನು ನೋಡಲು ಆಗಲಿಲ್ಲ. ಅವರ ಪಾಸ್‌ಪೋರ್ಟ್ ಕಫೀಲನ ಬಳಿಯೇ ಉಳಿದಿತ್ತು, ಅವರು ಬರುವ ಹಾಗೆಯೇ ಇರಲಿಲ್ಲ. ಮೈಸೂರಿನಲ್ಲಿ ತಂಗಿಯ ಮನೆಯಲ್ಲಿ ಆ ಚಳಿಗಾಲ ಕಳೆದೆವು. ಯುದ್ಧದ ಸುದ್ದಿ ಕೇಳುವಾಗ ಊರುಗಳ ಹೆಸರು ಬರುತ್ತಿದ್ದವು, ನನಗೆ ಗೊತ್ತಿದ್ದವರ ಹೆಸರು ಬರುವುದು ಹೇಗೆ.

ಯುದ್ಧ ಮುಗಿದ ಮೇಲೆ ಗಂಡನನ್ನು ರಿಫೈನರಿಗೆ ಮೊದಲು ಕರೆಸಿಕೊಂಡರು. ನಾನೂ ಮಗಳೂ ಹೋದದ್ದು ತೊಂಬತ್ತೊಂದರ ನವೆಂಬರಿನಲ್ಲಿ, ಎಣ್ಣೆ ಬಾವಿಗಳ ಕೊನೆಯ ಬೆಂಕಿ ಆರಿಸಿದ್ದಾರೆ ಎಂದು ತಿಳಿದ ಮೇಲೆ. ಕಿಟಕಿಯ ಪರದೆಗಳು ಎಷ್ಟು ತೊಳೆದರೂ ಬಕೆಟ್ಟಿನ ನೀರು ಕಪ್ಪಗೇ ಇರುತ್ತಿತ್ತು. ಮೊದಲ ಗುರುವಾರವೇ ಶುವೈಖ್‌ಗೆ ಕರೆದುಕೊಂಡು ಹೋಗಿ ಎಂದು ಹಟ ಹಿಡಿದೆ.

ಹಾಲಿನ ಬಾಗಿಲಿಗೆ ಬೀಗವಿರಲಿಲ್ಲ. ಒಳಗೆ ರಿಂಗುಗಳಿಲ್ಲ, ಬೋರ್ಡುಗಳೂ ಇಲ್ಲ. ನೆಲದ ಹಲಗೆಗಳನ್ನು ಒಂದು ಕಡೆಯಿಂದ ಕಿತ್ತಿದ್ದರು, ಚಳಿ ಕಾಯಿಸಿಕೊಳ್ಳಲು ಸುಟ್ಟಿರಬೇಕು, ಮೂಲೆಯಲ್ಲಿ ಬೂದಿಯ ಗುರುತಿತ್ತು. ಯಾವುದೋ ಕಚೇರಿಯ ಮುರಿದ ಮೇಜು ಕುರ್ಚಿಗಳನ್ನು ತಂದು ಒಟ್ಟಿದ್ದರು. ಮಗಳು ಬಾಗಿಲಲ್ಲೇ ನಿಂತು, "ಕ್ಯಾನ್ ವಿ ಗೋ?" ಎಂದಳು.

ಅಣ್ಣ ಸಿಕ್ಕಿದರು. ಹಳೆಯ ಮೆಸ್ಸೇ ಬೇರೆಯವರ ಕೈಯಲ್ಲಿ ಮತ್ತೆ ತೆರೆದಿತ್ತು. ಅರ್ಧದಷ್ಟಾಗಿದ್ದರು, ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಕಂಡು ಸೌಟು ಕೆಳಗಿಟ್ಟು, ಕೈ ಒರೆಸಿಕೊಂಡು, ಹಿಂದಿನ ಬಾಗಿಲ ಹತ್ತಿರ ಎರಡು ಸ್ಟೂಲು ಹಾಕಿದರು. ಹುಡುಗನ ವಿಷಯ ಕೇಳುವ ಮೊದಲು ಅವರೇ ಶುರು ಮಾಡಿದರು.

ಮೇಷ್ಟ್ರು ಹಿಂದಿನ ಡಿಸೆಂಬರಿನಲ್ಲೇ ತೀರಿಕೊಂಡಿದ್ದರು. ಸಕ್ಕರೆ ಕಾಯಿಲೆ ಇತ್ತು, ಇನ್ಸುಲಿನ್ ಎಲ್ಲೂ ಸಿಗಲಿಲ್ಲ. ಮಗ ಊರೆಲ್ಲ ಅಲೆದು ಒಂದು ಸಲ ಎರಡು ಸೀಸೆ ತಂದಿದ್ದನಂತೆ, ಆಮೇಲೆ ಅದೂ ಮುಗಿಯಿತು. ಮಣ್ಣು ಮಾಡಲು ತಂಡದ ಹುಡುಗರೇ ಹೆಗಲು ಕೊಟ್ಟರು, ಅಣ್ಣನೂ ಹೋಗಿದ್ದರು. ಯುದ್ಧ ಮುಗಿದ ಮೇಲೆ ಪ್ಯಾಲೆಸ್ತೀನಿನ ಮುಖಂಡರು ಇರಾಕಿನ ಪರ ನಿಂತಿದ್ದರೆಂದು ಆ ಜನರನ್ನೆಲ್ಲ ಕುವೈತಿನವರು ನೋಡುವ ಕಣ್ಣೇ ಬೇರೆಯಾಯಿತು. ಆ ಮನೆಯವರ ಇಕಾಮಾ, ಅಂದರೆ ಅಲ್ಲಿ ಇರಲು ಬೇಕಾದ ಪರವಾನಗಿ, ಎಲ್ಲ ಇದ್ದದ್ದು ತಂದೆಯ ಕೆಲಸದ ಮೇಲೆ. ತಂದೆ ಇಲ್ಲ, ಇಕಾಮಾ ಮತ್ತೆ ಮಾಡಿಸುವವರೂ ಇಲ್ಲ. ಜುಲೈಯಲ್ಲಿ ತಾಯಿ, ಇಬ್ಬರು ತಂಗಿಯರು, ಇವನು, ಎಲ್ಲರೂ ಜೋರ್ಡಾನಿನ ಬಸ್ಸು ಹತ್ತಿದರು. ತಂಡದಲ್ಲಿದ್ದ ಉಳಿದವರೂ ಒಬ್ಬೊಬ್ಬರೇ ಹಾಗೆಯೇ ಹೋದರು.

"ನಾನು ಬಸ್ಸಿನ ಹತ್ರ ಹೋಗಿದ್ದೆ ಅಕ್ಕ," ಎಂದರು ಅಣ್ಣ. "ಹೋಗಿ ಬಾ ಅಂತ ಹೇಳ್ಲಿಕ್ಕೆ ಹೋದದ್ದು. ಹೇಳ್ಲಿಕ್ಕೇ ಆಗ್ಲಿಲ್ಲ. ಎಂತ ಹೇಳುದು? ಅವ ಇಲ್ಲೇ ಹುಟ್ಟಿದವ. ನಾವಾದ್ರೆ ಊರಿಗೆ ಹೋಗ್ತೇವೆ. ಅವ ಹೋದದ್ದು ಎಲ್ಲಿಗೆ?"

ನಾನು ಅತ್ತೆ. ಅವರು ಅಳಲಿಲ್ಲ, ಎದ್ದು ಒಳಗೆ ಹೋಗಿ ಚಹಾ ತಂದುಕೊಟ್ಟರು. ಅವರ ಕುಟುಂಬದವರು ಊರಿನಿಂದ ಬರೆದ ಹಳೆಯ ಕಾಗದಗಳೆಲ್ಲ ಒಂದೇ ಕಂತೆಯಾಗಿ ಆಗಷ್ಟೇ ಕೈಸೇರಿದ್ದವು. ಮಾರ್ಚಿನಲ್ಲಿ ಊರಿಗೆ ಹೋಗುತ್ತೇನೆ, ಮತ್ತೆ ಬರುವುದಿಲ್ಲ ಎಂದರು. ಹಾಗೆಯೇ ಹೋದರು ಎಂದು ಆಮೇಲೆ ಕೇಳಿದೆ.

ನಾನು ರೇಡಿಯೋಗೂ ಹೋದೆ. ಹಳಬರು ಯಾರೂ ಇರಲಿಲ್ಲ, ಹೊಸ ನಿರ್ಮಾಪಕಿ ಒಬ್ಬರಿದ್ದರು. ಕಾಲೇಜು ಬಾಸ್ಕೆಟ್‌ಬಾಲ್ ಎಂದಾಗ ಅವರು ನಿಜವಾಗಿ ಗೊಂದಲಪಟ್ಟು, ಯಾವ ಕಾಲೇಜು, ಯಾವ ತಂಡ ಎಂದು ಕೇಳಿದರು. ಆದರೆ ಓದುವವರು ಬೇಕಾಗಿದ್ದರು. ಒಂದು ಹಾಳೆ ಕೊಟ್ಟರು. ಕಡಲತೀರದಲ್ಲಿ, ಮರಳಿನಲ್ಲಿ ಹೂತಿಟ್ಟ ಸಿಡಿಮದ್ದು ಇನ್ನೂ ಇದೆ, ಬೇಲಿ ದಾಟಬೇಡಿ, ಗುರುತಿಲ್ಲದ ಯಾವ ವಸ್ತುವನ್ನೂ ಮುಟ್ಟಬೇಡಿ, ಮಕ್ಕಳನ್ನು ಒಂಟಿಯಾಗಿ ಕಳಿಸಬೇಡಿ. ಅದನ್ನು ದಿನಕ್ಕೆ ಮೂರು ಸಲ ಓದಬೇಕಿತ್ತು.

ಓದಿದೆ. ಮೊದಲ ದಿನ ಮನೆಗೆ ಬಂದಾಗ ಮಗಳು ರೇಡಿಯೋದ ಮುಂದೆಯೇ ಕೂತಿದ್ದಳು. ಫಾಹಾಹೀಲ್‌ನ ಕಡಲಿಗೂ ಹೋಗಬಾರದಾ ಎಂದು ಕೇಳಿದಳು. ಬೇಡ ಎಂದೆ. ಎಷ್ಟು ದಿನ ಎಂದಳು. ಗೊತ್ತಿಲ್ಲ ಎಂದು, ಒಣಗಿದ ಪರದೆಗಳನ್ನು ಮಡಚಲು ಕೂತೆ.