ಕಿಡಿಯಮ್ಮನ ಕಾರ್ಯಾಗಾರವೂ ಅಂತರ ತುಂಬುವ ಅನುದಾನವೂ

ಹೊತ್ತಿಗೆ ಮುಂಚೆ ಬರುವವಳು, ಹೊತ್ತು ಮೀರಿದ ಮೇಲೆ ಹೊರಡುವವಳು. ಕಾದ ಕಬ್ಬಿಣಕ್ಕೆ ಅಂಜದವಳು, ತಣ್ಣನೆಯ ಸುತ್ತೋಲೆಗೆ ಬೆಚ್ಚುವವಳು. ತಪ್ಪಿದ ಕೈಯನ್ನು ಹಿಡಿದು ತಿದ್ದುವವಳು, ತಿದ್ದಿದ ಬಳಿಕ ತಪ್ಪನ್ನು ಮರೆಯುವವಳು. ಉಕ್ಕಿನಲ್ಲಿ ಕೂದಲೆಳೆಯ ಬಿರುಕನ್ನು ಕಾಣಬಲ್ಲವಳಾದರೂ ನೆರೆಮನೆಯ ಬಿರುಕುಗಳತ್ತ ಕಣ್ಣು ಹಾಯಿಸದವಳು. ಅತ್ತೆಯ ಮಾತಿಗೆ ಎದುರಾಡದವಳು, ಆದರೆ ಆ ಮಾತು ಕೇಳಿ ನಗದೆ ಇರಲಾರದವಳು. ಸಭೆಗಳಲ್ಲಿ ಹಿಂದಿನ ಸಾಲಿನಲ್ಲಿ ಕುಳಿತೂ ನಿದ್ರಿಸದವಳು. ಇಷ್ಟು ಗುಣಗಳಿಗೆ ಏಕಕಾಲದಲ್ಲಿ ಆಶ್ರಯವಾದ ಆ ಸಾಧ್ವಿಯನ್ನು ಅವಳ ವಿದ್ಯಾರ್ಥಿಗಳು ಕಿಡಿಯಮ್ಮ ಎಂದು ಕರೆಯುತ್ತಿದ್ದರು. ಬೆನ್ನ ಹಿಂದೆ ಕರೆಯುತ್ತಿದ್ದರು ಎಂಬುದು ಅವರ ನಂಬಿಕೆ. ಅವಳಿಗೆ ಅದು ಮೊದಲ ವರ್ಷದಿಂದಲೇ ಗೊತ್ತಿತ್ತು.

ಸರ್ಕಾರಿ ಪಾಲಿಟೆಕ್ನಿಕ್ಕಿನ ಹಿಂಭಾಗದಲ್ಲಿ, ಸೈಕಲ್ ನಿಲ್ಲಿಸುವ ಜಾಗಕ್ಕೂ ನೀರಿನ ತೊಟ್ಟಿಗೂ ನಡುವೆ, ತಗಡಿನ ಮಾಡಿನ ಒಂದು ಉದ್ದನೆಯ ಕೋಣೆ. ಅದೇ ವೆಲ್ಡಿಂಗ್ ಕಾರ್ಯಾಗಾರ. ಗೋಡೆಗಳು ಹೊಗೆ ಕುಡಿದು ಕಪ್ಪಾಗಿದ್ದವು. ನೆಲದ ತುಂಬ ಸುಟ್ಟ ಚುಕ್ಕೆಗಳು. ಕಿಡಿಯಮ್ಮ ಹುಡುಗಿಯಾಗಿದ್ದಾಗ ಹೊಲಿಗೆ ಕಲಿಯಲೆಂದು ಈ ಸಂಸ್ಥೆಗೆ ಬಂದವಳು. ಹೊಲಿಗೆಯ ತರಗತಿ ಭರ್ತಿಯಾಗಿದ್ದುದರಿಂದ ಗುಮಾಸ್ತರು ಅವಳನ್ನು ಈ ಕೋಣೆಗೆ ಅಟ್ಟಿದರು. ಬಂದವಳು ಇಲ್ಲಿಯೇ ಕಲಿತು, ಇಲ್ಲಿಯೇ ಕಲಿಸುವವಳಾದಳು. ದೈವಸಂಕಲ್ಪ ವಿಚಿತ್ರವಾದುದು, ಮುಂದೆ ಅವಳ ಕೈಹಿಡಿದವನು ದರ್ಜಿ. "ನಮ್ಮನೇಲಿ ಇಬ್ಬರೂ ಹೊಲಿಯೋರೇ. ಮಗ ಬಟ್ಟೆ ಹೊಲೀತಾನೆ, ಸೊಸೆ ಕಬ್ಬಿಣ ಹೊಲೀತಾಳೆ. ನನ್ನ ಹರಿದ ಸೆರಗು ಮಾತ್ರ ಹಂಗೇ ಇದೆ" ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದಳು.

ಆ ಕೋಣೆಗೆ ಬರುತ್ತಿದ್ದವರು, ಬೇರೆಲ್ಲ ಕೋಣೆಗಳಲ್ಲೂ 'ನಿನ್ನ ಕೈಲಿ ಏನೂ ಆಗಲ್ಲ' ಎನ್ನಿಸಿಕೊಂಡ ಮಕ್ಕಳು. ತಮಗೂ ಕೈಗಳಿವೆ ಎಂಬುದನ್ನು ಅವರು ಕಂಡುಕೊಳ್ಳುತ್ತಿದ್ದುದು ಅಲ್ಲಿ. ಆದ್ದರಿಂದ ಆ ಕೋಣೆಯ ಬಾಗಿಲು ತೆರೆದಿರಬೇಕು ಎಂಬ ಒಂದು ಆಸೆಯನ್ನು ಬಿಟ್ಟರೆ ಕಿಡಿಯಮ್ಮನಿಗೆ ಸರ್ಕಾರದಿಂದ ಬೇರೇನೂ ಬೇಕಿರಲಿಲ್ಲ. ಸರ್ಕಾರವಾದರೋ, ಬೇಡಿದ್ದನ್ನು ಕೊಡದಿರುವಷ್ಟೇ ಶ್ರದ್ಧೆಯಿಂದ ಬೇಡದ್ದನ್ನು ಕೊಡುವಂಥದು.

ನಡೆದುದು ಹೀಗೆ. ಕೆಲಸ ಬಲ್ಲವರು ಸಿಗುತ್ತಿಲ್ಲವೆಂದು ಕಾರ್ಖಾನೆಗಳವರು ರಾಜಧಾನಿಗೆ ದೂರು ಒಯ್ದರು. ಬಲ್ಲವರಿಗೆ ಕೆಲಸ ಸಿಗುತ್ತಿಲ್ಲವೆಂದು ಕಾಲೇಜುಗಳವರೂ ಅಲ್ಲಿಗೇ ದೂರು ಒಯ್ದರು. ಎರಡು ದೂರುಗಳನ್ನೂ ಒಂದೇ ಮೇಜಿನ ಮೇಲೆ ಇಟ್ಟಿದ್ದರೆ ಒಂದನ್ನೊಂದು ತಿಂದು ಮುಗಿಸುತ್ತಿದ್ದವೇನೋ. ಆದರೆ ಅವು ಬೇರೆ ಬೇರೆ ಮಹಡಿಗಳಿಗೆ ಹೋದವು. ಆ ಮಹಡಿಗಳ ನಡುವಣ ಮೆಟ್ಟಿಲುಗಳಿಗೆ ಪಂಡಿತರು 'ಕೌಶಲದ ಅಂತರ' ಎಂದು ನಾಮಕರಣ ಮಾಡಿದರು. ಅಂತರಕ್ಕೆ ಅನುದಾನ ಹುಟ್ಟಿತು. ಅನುದಾನಕ್ಕೆ ಸಮಿತಿ ಹುಟ್ಟಿತು. ಸಮಿತಿಗೆ ಉಪಸಮಿತಿಗಳು ಹುಟ್ಟಿದವು. ಕಾಲೇಜಿನ ಶಿಕ್ಷಕರು ಕಾರ್ಖಾನೆಗೆ ಹೋಗಿ ಅನುಭವ ಪಡೆಯತಕ್ಕದ್ದು ಎಂದು ಒಂದು ಉಪಸಮಿತಿ ನುಡಿಯಿತು. ಕಾರ್ಖಾನೆಯ ನುರಿತವರು ಕಾಲೇಜಿಗೆ ಬಂದು ಪಾಠ ಹೇಳತಕ್ಕದ್ದು ಎಂದು ಇನ್ನೊಂದು. ವಿದ್ಯಾರ್ಥಿಗಳು ಕಾರ್ಖಾನೆಯಲ್ಲಿಯೇ ತರಬೇತಿ ಪಡೆಯತಕ್ಕದ್ದು ಎಂದು ಮಗದೊಂದು. ಮೂರೂ ಒಳ್ಳೆಯ ಮಾತುಗಳೇ. ಮೂರೂ ಒಂದೇ ಸೋಮವಾರದಿಂದ ಜಾರಿಗೆ ಬಂದವು.

ಆದೇಶದ ಬಾಲದಲ್ಲಿ ಚೇಳಿನ ಕೊಂಡಿಯಿತ್ತು. ವರ್ಷಾಂತ್ಯದ ಪರಿಶೀಲನೆಯಲ್ಲಿ ಯಾವ ಕಾರ್ಯಾಗಾರ ಖಾಲಿ ಕಂಡುಬರುವುದೋ ಅದನ್ನು ಮುಚ್ಚಿ, ಅಲ್ಲಿ ಸಂವಾದ ಭವನ ನಿರ್ಮಿಸತಕ್ಕದ್ದು. ಅಲ್ಲಿನ ಶಿಕ್ಷಕರು ಮುಂದೆ ವ್ಯಕ್ತಿತ್ವ ವಿಕಸನವನ್ನು, ಅಂದರೆ ಕೈಕುಲುಕುವ ವಿಧಾನವನ್ನು, ಬೋಧಿಸತಕ್ಕದ್ದು.

ಕಿಡಿಯಮ್ಮ ಮನೆಗೆ ಬಂದು ಇದನ್ನೆಲ್ಲ ಹೇಳಿದಾಗ ಗಂಡ ಸೂಜಿಗೆ ದಾರ ಪೋಣಿಸುವುದನ್ನು ನಿಲ್ಲಿಸಿದ.

"ಅಂದ್ರೆ ನೀನು ಅಲ್ಲಿಗೆ, ಅವರು ಇಲ್ಲಿಗೆ?"

"ಹೌದು ರೀ."

ಅತ್ತೆ ಮೂಲೆಯಿಂದಲೇ ಬಾಯಿ ಹಾಕಿದಳು. "ಯಾರೋ ದಲ್ಲಾಳಿ ಗಂಡಿನ ಕಡೆಯೋರನ್ನ ಹೆಣ್ಣಿನ ಮನೆಗೂ, ಹೆಣ್ಣಿನ ಕಡೆಯೋರನ್ನ ಗಂಡಿನ ಮನೆಗೂ ಒಂದೇ ದಿನ ಕಳಿಸಿದ್ನಂತೆ. ದಾರೀಲಿ ಎದುರಾದ್ರಂತೆ, ನಮಸ್ಕಾರ ಹೇಳ್ಕೊಂಡು ಮುಂದಕ್ಕೆ ಹೋದ್ರಂತೆ. ಮದುವೆ ಇನ್ನೂ ಆಗಿಲ್ಲ."

ಕಿಡಿಯಮ್ಮ ನಕ್ಕಳು. ಆ ಸಂಜೆ ಅವಳು ನಕ್ಕದ್ದು ಅಷ್ಟೇ.

ಸೋಮವಾರ ಆಕೆ ಹಾಲು ಸಾಗಿಸುವ ಉಕ್ಕಿನ ಟ್ಯಾಂಕುಗಳನ್ನು ಮಾಡುವ ಕಾರ್ಖಾನೆಗೆ ಹೋದಳು. ನೀಲಿ ಅಂಗಿ ಕೊಟ್ಟರು, ಕೊರಳಿಗೆ 'ಪ್ರಶಿಕ್ಷಣಾರ್ಥಿ' ಎಂಬ ಬಿಲ್ಲೆ ತೂಗಿಸಿದರು. ಇನ್ನೇನು ಕಲಿಯಬೇಕೆನ್ನುವಷ್ಟರಲ್ಲಿ ಕಾಲೇಜಿನ ಬಸ್ಸು ಬಂದು ನಿಂತಿತು. ಇಳಿದವರು ಅವಳದೇ ಶಿಷ್ಯರು.

"ಮೇಡಂ! ನೀವೇನು ಇಲ್ಲಿ?"

"ಕಲಿಯೋಕೆ ಬಂದಿದೀನಿ ಕಣೋ."

"ನಾವೂ ಕಲಿಯೋಕೇ ಬಂದಿರೋದು. ಹಾಗಾದ್ರೆ ಕಲಿಸೋರು ಯಾರು?"

"ಇಲ್ಲಿನ ಮೇಸ್ತ್ರಿಯಂತೆ."

"ಅವರೆಲ್ಲಿ?"

"ನಮ್ಮ ಕಾಲೇಜಿಗೆ ಹೋಗಿದಾರಂತೆ."

ಕೊನೆಯ ಸಾಲಿನ ಹುಡುಗಿಯೊಬ್ಬಳು, "ಬಸ್ ಹತ್ತೋ ಮುಂಚೆ ಗೇಟಲ್ಲಿ ಒಬ್ರು ತಾತ ನಮ್ಮನ್ನೇ ನೋಡ್ತಾ ನಿಂತಿದ್ರಲ್ಲ, ಅವರೇ ಇರಬೇಕು" ಎಂದಳು. ಕಾರ್ಖಾನೆಯ ವ್ಯವಸ್ಥಾಪಕರು ಕೈಕಾಲಾಡದವರಂತೆ ಬಂದು, "ಮೇಡಂ, ಮೇಸ್ತ್ರಿ ಇಲ್ದೆ ಇಲ್ಲಿ ಎಲ್ಲಾ ಅಸ್ತವ್ಯಸ್ತ. ಸದ್ಯಕ್ಕೆ ನೀವೇ ಈ ಮಕ್ಕಳನ್ನ ನೋಡ್ಕೊಂಡುಬಿಡಿ" ಎಂದು ಬೇಡಿಕೊಂಡರು. ಹೀಗೆ, ಕಾಲೇಜಿನ ಹಿತ್ತಲಲ್ಲಿ ಬಿಟ್ಟಿಯಾಗಿ ನಡೆಯುತ್ತಿದ್ದ ಪಾಠವು ಅದೇ ಗುರುವಿನಿಂದ ಅದೇ ಶಿಷ್ಯರಿಗೆ ಬಸ್ಸು ಹತ್ತಿ ಹೋಗುವಷ್ಟು ದೂರದಲ್ಲಿ, ಸರ್ಕಾರದ ಅನುದಾನದಿಂದ ಪುನರಾರಂಭವಾಯಿತು. ಅಂತರವನ್ನು ತುಂಬುವುದೆಂದರೆ ಇದೇ ಇರಬೇಕೆಂದು ಬಸ್ಸಿನ ಚಾಲಕ ತಿಳಿದ. ಅವನು ತಿಳಿದದ್ದೂ ಸುಳ್ಳಲ್ಲ. ಆ ಯೋಜನೆಯಲ್ಲಿ ಅಂತರವನ್ನು ಪ್ರತಿದಿನವೂ ಕ್ರಮಿಸುತ್ತಿದ್ದವನು ಅವನೊಬ್ಬನೇ.

ಕಿಡಿಯಮ್ಮ ಪ್ರಾಂಶುಪಾಲರನ್ನು ಕಂಡಳು. ಅವರು ಸಜ್ಜನರು, ವಾಣಿಜ್ಯಶಾಸ್ತ್ರದಲ್ಲಿ ನಿಷ್ಣಾತರು. ಆದರೆ ಸಂವಾದ ಭವನದ ಕನಸು ಬಿದ್ದಂದಿನಿಂದ ಅವರ ಮೇಜಿನ ಮೇಲೆ ರತ್ನಗಂಬಳಿಯ ತುಂಡುಗಳೇ ಹರಡಿರುತ್ತಿದ್ದವು.

"ಸರ್, ಮಕ್ಕಳನ್ನ ವಾಪಸ್ ಕಳಿಸಿ. ಕಾರ್ಯಾಗಾರ ಖಾಲಿ ಬಿದ್ದಿದೆ."

"ಮಕ್ಕಳು ಕಾರ್ಖಾನೇಲೇ ಇರಬೇಕು ಅಂತ ಆದೇಶ ಇದೆಯಮ್ಮ."

"ಹಾಗಾದ್ರೆ ಪರಿಶೀಲನೆ ದಿನ ಕಾರ್ಯಾಗಾರದಲ್ಲಿ ಯಾರಿರ್ತಾರೆ ಸರ್?"

"ನೋಡು, ಒಳ್ಳೆ ಪ್ರಶ್ನೆ. ನಾನೂ ಅದನ್ನೇ ಯೋಚಿಸ್ತಿದ್ದೆ" ಎಂದ ಪ್ರಾಂಶುಪಾಲರು, ಎರಡು ತುಂಡುಗಳನ್ನು ಮುಂದೆ ಸರಿಸಿ, "ಕೆಂಪು ಚೆನ್ನಾಗಿರುತ್ತೋ, ಕಂದು ಚೆನ್ನಾಗಿರುತ್ತೋ?" ಎಂದು ಕೇಳಿದರು.

ಅಂದು ಸಂಜೆ, ಬಸ್ಸು ಬದಲಿಸುವ ವೃತ್ತದಲ್ಲಿ ಆಕೆಗೆ ಮೇಸ್ತ್ರಿ ಸಿಕ್ಕಿದರು. ತಲೆ ನೆರೆತ, ಹುಬ್ಬು ಸುಟ್ಟ, ಸುಳ್ಳು ಹೇಳಲು ಬಾರದ ಮನುಷ್ಯ. ಮುಖ ಬಾಡಿತ್ತು. ಮೈಮೇಲಿನ ಕಾರ್ಖಾನೆಯ ನೀಲಿ ಅಂಗಿಯಿಂದಲೇ ಅವಳು ಗುರುತು ಹಿಡಿದು, ತನ್ನ ಪರಿಚಯ ಹೇಳಿಕೊಂಡಳು.

"ಏನು ಮೇಸ್ತ್ರಿ, ಪಾಠ ಹೇಗೆ ನಡೀತಿದೆ?"

"ಬೆಂಚುಗಳಿಗೆ ಹೇಳ್ತಿದೀನಿ ತಾಯಿ. ಗಲಾಟೆ ಮಾಡಲ್ಲ, ಒಳ್ಳೇವು. ಅದ್ರಲ್ಲಿ ಒಂದು ಕುಂಟು ಬೆಂಚಿದೆ, ಅದು ಪಾಸಾಗೋದು ಕಷ್ಟ."

ಕಿಡಿಯಮ್ಮ ಕೈಚೀಲದಿಂದ ಕಾರ್ಯಾಗಾರದ ಬೀಗದ ಕೈ ತೆಗೆದು ಅವರ ಅಂಗೈಯಲ್ಲಿ ಇಟ್ಟಳು. "ತರಗತಿ ಬಿಡಿ ಮೇಸ್ತ್ರಿ. ಕಾರ್ಯಾಗಾರ ತೆಗೀರಿ, ಬೆಂಕಿ ಹಚ್ಚಿ. ಆ ಕುಂಟು ಬೆಂಚನ್ನೇ ಮೊದಲು ಸರಿಮಾಡಿ. ಬಾಗಿಲಿಗೆ ಯಾರು ಬಂದ್ರೂ ಕೂರಿಸ್ಕೊಂಡು ಕಲಿಸಿ."

"ಯಾರು ಬಂದ್ರೂ?"

"ಯಾರು ಬಂದ್ರೂ. ಆ ಕೋಣೇಲಿ ಯಾರನ್ನೂ ಇದುವರೆಗೂ ವಾಪಸ್ ಕಳಿಸಿಲ್ಲ."

ಬೆಳಕಿದ್ದಲ್ಲಿಗೆ ಹುಳು ಬರುವುದು ಸಹಜ. ಮೊದಲು ಜವಾನ ಬಂದ, ಮುರಿದ ಕುರ್ಚಿಯೊಡನೆ. ಅದನ್ನು ತಾವೇ ಸರಿಮಾಡಿಕೊಡದೆ, ಮೇಸ್ತ್ರಿ ಅವನಿಂದಲೇ ಮಾಡಿಸಿದರು. ಜವಾನ ಆ ಕುರ್ಚಿಯನ್ನು ಹೊತ್ತು ಎಲ್ಲ ವಿಭಾಗಗಳಿಗೂ ಮೆರವಣಿಗೆ ಹೋದ. ಮರುದಿನ ಗ್ರಂಥಪಾಲಕಿ ಬಂದಳು. ಆಮೇಲೆ ಇಬ್ಬರು ಗುಮಾಸ್ತರು. ಆಮೇಲೆ, ಜೀವಮಾನದಲ್ಲಿ ಮೊಳೆ ಹೊಡೆಯದ ಅರ್ಥಶಾಸ್ತ್ರದ ಉಪನ್ಯಾಸಕರು. ಮಧ್ಯಾಹ್ನದ ಹೊತ್ತು ಕಚೇರಿ ಬರಿದಾಗತೊಡಗಿತು. ಸಾರ್ವಜನಿಕರಿಗೆ ಮಾತ್ರ ಏನೂ ವ್ಯತ್ಯಾಸ ತಿಳಿಯಲಿಲ್ಲ.

ಕೊನೆಗೊಂದು ದಿನ ಪ್ರಾಂಶುಪಾಲರು ಟೇಪು ಹಿಡಿದು ಬಂದರು, ಗಂಬಳಿಗೆ ಅಳತೆ ತೆಗೆಯಲು. ಒಳಗೆ ತಮ್ಮ ಸಿಬ್ಬಂದಿಯೆಲ್ಲ ಕಿಡಿ ತಡೆಯುವ ಮುಖವಾಡ ತೊಟ್ಟು ಕೂತಿರುವುದನ್ನು ಕಂಡು ಕೆಂಡವಾದರು.

"ಏನಿದು ಮೇಸ್ತ್ರಿ? ಇದು ಕಾಲೇಜೋ, ಗ್ಯಾರೇಜೋ?"

"ಒಂದ್ಸಲ ಕೈಯಾಡಿಸಿ ನೋಡಿ ಸಾರ್. ಆಮೇಲೆ ಬೈಯಿರಿ."

ಹತ್ತು ಜನರೆದುರು ಹಿಂದೆ ಸರಿಯಲಾರದೆ ಪ್ರಾಂಶುಪಾಲರು ಮುಖವಾಡ ತೊಟ್ಟರು. ಎರಡು ಕಬ್ಬಿಣದ ಪಟ್ಟಿಗಳನ್ನು ಕೂಡಿಸಿದರು. ಮುಖವಾಡ ಎತ್ತಿ ನೋಡಿದರು. ಅರ್ಥಶಾಸ್ತ್ರದ ಉಪನ್ಯಾಸಕರು, "ಅದ್ಭುತ ಸರ್! ಮೊದಲ ಪ್ರಯತ್ನದಲ್ಲೇ!" ಎಂದರು. ಮೇಸ್ತ್ರಿ ಬಗ್ಗಿ ನೋಡಿ, "ಕೋಳಿ ಕೆದರಿದ ಹಂಗಿದೆ ಸಾರ್" ಎಂದರು.

ಪ್ರಾಂಶುಪಾಲರಾದಂದಿನಿಂದ ಅವರಿಗೆ ಯಾರೂ ನಿಜ ಹೇಳಿರಲಿಲ್ಲ. ಅದರ ರುಚಿ ಹೇಗಿರುತ್ತದೆಂಬುದನ್ನೇ ಅವರು ಮರೆತಿದ್ದರು. ಆ ಮಹನೀಯರು ಸಿಟ್ಟಾಗಲಿಲ್ಲ. ಪಟ್ಟಿಯನ್ನು ತಿರುವಿ ತಿರುವಿ ನೋಡಿ, ಮೆಲ್ಲಗೆ, "ಇನ್ನೊಂದು ಕೊಡಿ" ಎಂದರು. ಮರುದಿನವೂ ಬಂದರು. ಅದರ ಮರುದಿನ ಬರುವಾಗ ಅಳತೆಯ ಟೇಪನ್ನು ಮನೆಯಲ್ಲಿಯೇ ಬಿಟ್ಟು ಬಂದರು. ಕೆಲವು ವಾರಗಳಲ್ಲಿ ತಮ್ಮ ಮನೆಗೊಂದು ಗೇಟು ಮಾಡುವ ಸಾಹಸಕ್ಕೆ ಕೈಹಾಕಿದರು. ಊಟದ ಹೊತ್ತಿಗೆ ಅವರನ್ನು ಕೆಲಸದಿಂದ ಎಬ್ಬಿಸಲು ಅವರ ಹೆಂಡತಿಯೇ ಕಾಲೇಜಿಗೆ ಬರಬೇಕಾಗುತ್ತಿತ್ತು.

ಪರಿಶೀಲನೆಯ ದಿನ ಬಂತು. ಕಿಡಿಯಮ್ಮ ಕಾರ್ಖಾನೆಯಿಂದ ಅನುಮತಿ ಪಡೆದು, ಶಿಕ್ಷೆ ಕೇಳಲು ಬಂದವಳಂತೆ ಕಾಲೇಜಿನ ಗೇಟಿನಲ್ಲಿ ನಿಂತಳು. ರಾಜಧಾನಿಯ ಅಧಿಕಾರಿ ಕಾರಿನಿಂದ ಇಳಿದು, ಸ್ವಾಗತಿಸಲು ಯಾರೂ ಕಾಣದೆ, ಅವಳ ಹಿಂದೆಯೇ ಕಾರ್ಯಾಗಾರಕ್ಕೆ ನಡೆದರು. ಒಳಗೆ ಒಬ್ಬೊಬ್ಬರೇ ಕೂತು ಬೆಸೆಯುವ ಗೂಡುಗಳಲ್ಲಿ ಒಂದೂ ಖಾಲಿಯಿರಲಿಲ್ಲ.

"ಇವರೆಲ್ಲ ವಿದ್ಯಾರ್ಥಿಗಳಾ?"

"ಅಲ್ಲ ಸರ್, ಸಿಬ್ಬಂದಿ."

"ವಿದ್ಯಾರ್ಥಿಗಳೆಲ್ಲಿ?"

"ಕಾರ್ಖಾನೇಲಿ, ಸರ್."

"ಅವರಿಗೆ ಯಾರು ಕಲಿಸ್ತಾರೆ?"

"ನಾನು."

"ನೀವು ಕಲಿಯೋಕೆ ಹೋಗಿರೋದಲ್ವಾ? ನಿಮಗೆ ಕಲಿಸೋರು?"

"ಅವರು ಇಲ್ಲಿದಾರೆ ಸರ್" ಎಂದು ಮೇಸ್ತ್ರಿಯನ್ನು ತೋರಿದಳು.

ಅಧಿಕಾರಿ ಹಣೆ ಒತ್ತಿಕೊಂಡರು. "ಇದನ್ನ ನಾನು ಮೇಲಿನವರಿಗೆ ಹೇಗೆ ವಿವರಿಸಲಿ? ಇದಕ್ಕಿಂತ ಕಾರ್ಯಾಗಾರ ಮುಚ್ಚಿಬಿಡೋದೇ ಸುಲಭ. ಪ್ರಾಂಶುಪಾಲರನ್ನ ಕರೀರಿ, ಅವರ ಒಪ್ಪಿಗೆ ಸಾಕು."

ಮೂಲೆಯ ಗೂಡಿನಿಂದ ಚರ್ಮದ ಮುಂಗವಚ ತೊಟ್ಟ ವ್ಯಕ್ತಿಯೊಬ್ಬರು, "ಒಂದ್ನಿಮಿಷ ಇರಿ, ಈ ಬೆಸುಗೆ ಮುಗಿಸ್ತೀನಿ" ಎಂದು ಕೂಗಿದರು. ಮುಗಿಸಿ, ಮುಖವಾಡ ಎತ್ತಿದಾಗ ಅಧಿಕಾರಿಗೆ ಅವರ ಗುರುತು ಸಿಕ್ಕಿತು.

"ಮುಚ್ಚೋದಾ? ಯಾರು ಹೇಳಿದ್ದು?" ಎಂದರು ಪ್ರಾಂಶುಪಾಲರು. "ನನ್ನ ಗೇಟು ಅರ್ಧಕ್ಕೆ ನಿಂತಿದೆ ಸ್ವಾಮಿ! ನಾನಿರೋವರೆಗೂ ಈ ಬಾಗಿಲಿಗೆ ಬೀಗ ಬೀಳಲ್ಲ. ಸಂವಾದ ಬೇಕಾದ್ರೆ ನನ್ನ ಕೊಠಡೀಲಿ ಮಾಡ್ಕೊಳ್ಳಿ, ಅಲ್ಲಿಗೆ ಹೇಗೂ ನಾನು ಹೋಗ್ತಿಲ್ಲ." ಆಮೇಲೆ ಕಿಡಿಯಮ್ಮನ ಕಡೆ ತಿರುಗಿ, ದನಿ ತಗ್ಗಿಸಿ, "ನೀನು ಮಕ್ಕಳನ್ನ ಕರ್ಕೊಂಡು ಬಂದ್ಬಿಡಮ್ಮ. ಆದೇಶ ನಾನು ನೋಡ್ಕೋತೀನಿ. ನನಗೊಂದು ಗೂಡು ಮಾತ್ರ ಬಿಟ್ಟುಕೊಡಬೇಕು" ಎಂದರು.

"ಮೂಲೇದು ನಿಮ್ದೇ ಸರ್" ಎಂದಳು ಕಿಡಿಯಮ್ಮ. ಕಣ್ಣು ಒರೆಸಿಕೊಂಡಳು, ಹೊಗೆಯೆಂದು ಎಲ್ಲರೂ ತಿಳಿದರು.

ಅಧಿಕಾರಿ ಕೈಚೆಲ್ಲಿದರು. ಒಪ್ಪಿಗೆಯಿಲ್ಲದೆ ಮುಚ್ಚುವಂತಿರಲಿಲ್ಲ. ಆದ್ದರಿಂದ, ಕೌಶಲದ ಅಂತರವು ವಿದ್ಯಾರ್ಥಿಗಳಿಗಿಂತ ಪ್ರಾಂಶುಪಾಲರುಗಳಲ್ಲಿ ತೀವ್ರವಾಗಿದೆಯೆಂದೂ, ಅದರ ನಿವಾರಣೆಗೆ ಇನ್ನೊಂದು ಅನುದಾನ ಅಗತ್ಯವೆಂದೂ ಬರೆದುಕೊಂಡು ಹೋದರು. ಅದಕ್ಕೊಂದು ಸಮಿತಿ ರಚನೆಯಾಗಿದೆಯೆಂದು ಕೇಳಿದ್ದೇವೆ. ಮಕ್ಕಳು ತಮ್ಮ ಕೋಣೆಗೆ ಮರಳಿದರು. ಮೇಸ್ತ್ರಿ ಕಾರ್ಖಾನೆಗೆ ಮರಳಿ, ಕಲಿತು ಮುಗಿಸಿದವರನ್ನು ಒಬ್ಬೊಬ್ಬರಾಗಿ ಅಲ್ಲಿಗೆ ಕರೆಸಿಕೊಂಡರು. ಅದಕ್ಕೆ ಯಾವ ಯೋಜನೆಯೂ ಬೇಕಾಗಲಿಲ್ಲ. ಇಬ್ಬರು ಬಲ್ಲವರಿಗೆ ವೃತ್ತದಲ್ಲಿ ಪರಿಚಯವಾದದ್ದೇ ಸಾಕಾಗಿತ್ತು.

ಸಕಲರ ಕೈಗಳಲ್ಲಿ ನಿಂತು ಕೆಲಸ ಮಾಡುವ ಆ ಪರಮಾತ್ಮನು ಕಿಡಿಯಮ್ಮನ ಕಣ್ಣುಗಳನ್ನು ಉರಿಯಿಂದಲೂ, ಅವಳ ಬಾಗಿಲನ್ನು ಹಿತಚಿಂತಕರಿಂದಲೂ ಕಾಯಲಿ. ಅವಳ ಗಂಡನ ಅಂಗಡಿಗೆ ಗಿರಾಕಿಗಳು ತಪ್ಪದಿರಲಿ. ಅತ್ತೆ ನೂರು ವರ್ಷ ಬಾಳಲಿ, ಕೊನೆಯ ದಿನದವರೆಗೂ ಅವಳ ಬಾಯಿ ಸೋಲದಿರಲಿ. ಆ ಮನೆಯಲ್ಲಿ ಅನ್ನವೂ ನಗುವೂ ಉಕ್ಕುತ್ತಿರಲಿ.